ಎಂಎಲ್‌ಎ ಆಗಿದ್ದ ಗ್ಲೋರಿಯಾ ಮೊಲಿನಾ ನಗರಸಭೆಗೆ ಬಂದಿದ್ದೇಕೆ?

ಪ್ರಶ್ನೆ: ಲಾಸ್ ಏಂಜಲೀಸ್‌ನ ಗ್ಲೋರಿಯಾ ಮೊಲಿನಾ 1982ರಲ್ಲೇ ಕ್ಯಾಲಿಫೋರ್ನಿಯಾ ವಿಧಾನಸಭೆಗೆ ಗೆದ್ದಿದ್ದರು. ಆಮೇಲೆ ಸಿಟಿ ಕೌನ್ಸಿಲ್‌ಗೆ ಬಂದರು, ಅಲ್ಲಿಂದ ಕೌಂಟಿಗೆ ಹೋದರು. ಇದು ಮೇಲಿಂದ ಕೆಳಗಿಳಿದ ಹಾಗೆ ಅಲ್ವಾ?

ಉತ್ತರ: ನಮ್ಮ ಕಡೆಯ ಲೆಕ್ಕ ಹಾಕಿದರೆ ಹಾಗೇ ಕಾಣುತ್ತದೆ. ಇಲ್ಲಿ ಕಾರ್ಪೊರೇಟರ್ ಆದವರು ಎಂಎಲ್‌ಎ ಟಿಕೆಟ್‌ಗೆ ಓಡಾಡುತ್ತಾರೆ. ಒಮ್ಮೆ ಎಂಎಲ್‌ಎ ಆದರೆ ಮತ್ತೆ ವಾರ್ಡ್ ಚುನಾವಣೆಗೆ ನಿಲ್ಲುವವರು ಅಪರೂಪ. ಆದರೆ ಲಾಸ್ ಏಂಜಲೀಸ್‌ನಲ್ಲಿ ಕುರ್ಚಿಗಳ ಲೆಕ್ಕವೇ ಬೇರೆ. ವಿಧಾನಸಭೆಯಲ್ಲಿ 80 ಜನ. ಸಿಟಿ ಕೌನ್ಸಿಲ್‌ನಲ್ಲಿ 15 ಜನ. (ಬಿಬಿಎಂಪಿಯಲ್ಲಿ 198 ಕಾರ್ಪೊರೇಟರ್‌ಗಳಿದ್ದರು ಅನ್ನೋದನ್ನ ನೆನೆಸಿಕೊಳ್ಳಿ.) ಕೌಂಟಿ ಬೋರ್ಡ್‌ನಲ್ಲಿ ಬರೀ ಐದು ಜನ.

ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 1990ರಲ್ಲಿ ಸುಮಾರು 88 ಲಕ್ಷ ಜನರಿದ್ದರು. ಅಂದರೆ ಬೋರ್ಡ್‌ನ ಒಬ್ಬ ಸದಸ್ಯರ ಪಾಲಿಗೆ 17 ಲಕ್ಷಕ್ಕಿಂತ ಜಾಸ್ತಿ ಜನ, ನಮ್ಮ ಒಂದು ಲೋಕಸಭಾ ಕ್ಷೇತ್ರದಷ್ಟು. ಸರ್ಕಾರಿ ಆಸ್ಪತ್ರೆ, ಜೈಲಿನ ಬಜೆಟ್, ಬಡವರ ನೆರವು, ಪೋಷಕರಿಲ್ಲದ ಮಕ್ಕಳ ಆರೈಕೆ ಎಲ್ಲ ಇದೇ ಬೋರ್ಡ್ ಕೈಯಲ್ಲಿ. ಅವರ ಮೇಲೆ ಮೇಯರ್ ಇಲ್ಲ. ನಿಯಮ ಮಾಡುವವರೂ ಅವರೇ, ಆಡಳಿತ ನಡೆಸುವವರೂ ಅವರೇ. ಮೂರು ಜನ ಒಪ್ಪಿದರೆ ಕೆಲಸ ಆಯಿತು. ಹಾಗಾಗಿ ನನ್ನ ಪ್ರಕಾರ ಮೊಲಿನಾ ಕೆಳಗಿಳಿಯಲಿಲ್ಲ. 80ರಲ್ಲಿ ಒಬ್ಬರಾಗಿದ್ದವರು 15ರಲ್ಲಿ ಒಬ್ಬರಾದರು, ಕೊನೆಗೆ ಐವರಲ್ಲಿ ಒಬ್ಬರಾದರು.

ಇಷ್ಟೇ ಹೇಳಿದರೆ ಉತ್ತರ ಅರ್ಧ. ಅವರಿಗೆ ಕೌಂಟಿ ಯಾಕೆ ಅಷ್ಟು ಮುಖ್ಯವಾಯಿತು ಅನ್ನೋದಕ್ಕೆ ಒಂದು ಆಸ್ಪತ್ರೆಯ ಕಥೆ ಕೇಳಬೇಕು.

ಮೊಲಿನಾ ಹುಟ್ಟಿದ್ದು 1948ರಲ್ಲಿ, ಮೆಕ್ಸಿಕನ್ ಮೂಲದ ಕೂಲಿ ಕಾರ್ಮಿಕರ ಮನೆಯಲ್ಲಿ. ಹತ್ತು ಮಕ್ಕಳಲ್ಲಿ ಇವರೇ ದೊಡ್ಡವರು. ತಂದೆ ಕೆಲಸದಲ್ಲಿ ಗಾಯಗೊಂಡ ಮೇಲೆ ವಕೀಲರ ಕಚೇರಿಯಲ್ಲಿ ಸೆಕ್ರೆಟರಿ ಕೆಲಸ ಮಾಡುತ್ತಾ ಮನೆ ನಡೆಸಿದರು, ಜೊತೆಗೇ ಕಾಲೇಜು. 1970ರ ದಶಕದಲ್ಲಿ ಕೊಮಿಸಿಯೊನ್ ಫೆಮೆನಿಲ್ ಎಂಬ ಮೆಕ್ಸಿಕನ್ ಅಮೆರಿಕನ್ ಮಹಿಳೆಯರ ಸಂಘಟನೆಗೆ ಸೇರಿ, ಅದರ ರಾಷ್ಟ್ರೀಯ ಅಧ್ಯಕ್ಷೆಯೂ ಆದರು.

ಆಗಲೇ ಹೊರಬಂದದ್ದು ಕೌಂಟಿಯ ದೊಡ್ಡಾಸ್ಪತ್ರೆಯ ವಿಷಯ. ಅಲ್ಲಿ ಹೆರಿಗೆಗೆ ಬಂದ ಮೆಕ್ಸಿಕನ್ ಮೂಲದ ಬಡ ಹೆಂಗಸರಿಗೆ ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಡುತ್ತಿದ್ದರು. ನೋವು ತಿನ್ನುತ್ತಾ ಮಲಗಿರುವವಳ ಮುಂದೆ ಒಂದು ಫಾರ್ಮ್ ಹಿಡಿಯುತ್ತಿದ್ದರು. ಫಾರ್ಮ್ ಇಂಗ್ಲಿಷ್‌ನಲ್ಲಿ. ಅವಳಿಗೆ ಬರುವುದು ಸ್ಪ್ಯಾನಿಷ್. ಆ ಹೊತ್ತಿನಲ್ಲಿ ಯಾರು ತಾನೇ ಸಹಿ ಹಾಕಲ್ಲ? ಏನಾಗಿದೆ ಅಂತ ಕೆಲವರಿಗೆ ತಿಳಿದದ್ದೇ ಎಷ್ಟೋ ಕಾಲದ ಮೇಲೆ. ಹತ್ತು ಮಹಿಳೆಯರು ಕೋರ್ಟ್‌ಗೆ ಹೋದರು, ಮೊಲಿನಾ ಅವರ ಸಂಘಟನೆ ಜೊತೆಗೆ ನಿಂತಿತು. 1978ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಆದರೂ ಈ ಗಲಾಟೆಯಿಂದ ಸ್ಪ್ಯಾನಿಷ್‌ನಲ್ಲೂ ಫಾರ್ಮ್ ಬಂತು, ಸಹಿಗೂ ಆಪರೇಷನ್‌ಗೂ ನಡುವೆ ಯೋಚನೆ ಮಾಡಲು ದಿನಗಳ ಅಂತರ ಇರಬೇಕು ಎಂಬ ನಿಯಮವೂ ಬಂತು. ಆ ಆಸ್ಪತ್ರೆಯ ಯಜಮಾನರು ಯಾರು? ಅದೇ ಐದು ಜನರ ಬೋರ್ಡ್.

1982ರಲ್ಲಿ ವಿಧಾನಸಭೆಗೆ ನಿಲ್ಲುತ್ತೇನೆ ಅಂದಾಗ ಊರಿನ ಗಂಡಸು ನಾಯಕರು ಬೇರೆಯವರನ್ನು ಆರಿಸಿಟ್ಟಿದ್ದರು. ನಿಮ್ಮ ಸರದಿ ಇನ್ನೂ ಬಂದಿಲ್ಲ, ಕಾಯಿರಿ ಅನ್ನೋ ಮಾತು. ಮೊಲಿನಾ ಕಾಯಲಿಲ್ಲ, ಗೆದ್ದರು. ಕ್ಯಾಲಿಫೋರ್ನಿಯಾ ವಿಧಾನಸಭೆಯ ಮೊದಲ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮೊದಲ ಮಹಿಳೆ, ಅವರೇ.

ಮುಂದಿನ ಎರಡು ಕುರ್ಚಿಗಳು ಮಾತ್ರ ಸುಮ್ನೆ ಖಾಲಿ ಬಿದ್ದಿರಲಿಲ್ಲ. ನಕ್ಷೆಯ ಜಗಳದಿಂದ ಹುಟ್ಟಿದವು. ನಗರದ ಕ್ಷೇತ್ರಗಳ ಗಡಿ ಹಾಕಿದ ರೀತಿಯಿಂದ ಲ್ಯಾಟಿನೊ ಮತದಾರರಿಗೆ ಅನ್ಯಾಯವಾಗಿದೆ ಎಂದು ಕೇಂದ್ರದ ನ್ಯಾಯಾಂಗ ಇಲಾಖೆ 1985ರಲ್ಲಿ ದಾವೆ ಹೂಡಿತು. ಗಡಿ ಬದಲಾಯಿತು, 1987ರಲ್ಲಿ ಮೊಲಿನಾ ಸಿಟಿ ಕೌನ್ಸಿಲ್‌ನ ಮೊದಲ ಲ್ಯಾಟಿನಾ ಆದರು. ಕೌಂಟಿಯ ಕೇಸ್ ಇನ್ನೂ ಖಾರ. ಇದ್ದ ಸದಸ್ಯರು ತಮ್ಮ ಕುರ್ಚಿ ಉಳಿಸಿಕೊಳ್ಳಲು, ಒಂದೇ ಕಡೆ ವಾಸವಿದ್ದ ಲ್ಯಾಟಿನೊ ಜನರನ್ನು ಬೇಕೆಂತಲೇ ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿದ್ದಾರೆ ಎಂದು 1990ರಲ್ಲಿ ಫೆಡರಲ್ ನ್ಯಾಯಾಧೀಶ ಡೇವಿಡ್ ಕೆನ್ಯನ್ ತೀರ್ಪು ಕೊಟ್ಟರು. ಹೊಸ ನಕ್ಷೆ ಬಂತು. 1991ರ ಫೆಬ್ರವರಿಯಲ್ಲಿ ಮೊಲಿನಾ ಗೆದ್ದರು. ಸೋತವರು ಆರ್ಟ್ ಟಾರೆಸ್, ಹಿಂದೆ ಇವರಿಗೆ ಕೆಲಸ ಕೊಟ್ಟಿದ್ದ ನಾಯಕ! ಚುನಾವಣೆ ಗೆದ್ದು ಆ ಬೋರ್ಡ್‌ಗೆ ಬಂದ ಮೊದಲ ಮಹಿಳೆ ಮೊಲಿನಾ.

ಹೀಗೆ, ಯಾವ ಆಸ್ಪತ್ರೆಯ ವಿರುದ್ಧ ದನಿ ಎತ್ತಿದ್ದರೋ ಅದರ ಐವರು ಯಜಮಾನರಲ್ಲಿ ಒಬ್ಬರಾದರು. 1994ರ ಭೂಕಂಪದಲ್ಲಿ ಆ ಹಳೇ ಆಸ್ಪತ್ರೆಗೆ ಪೆಟ್ಟಾಯಿತು, ಹೊಸದು ಕಟ್ಟಬೇಕಾಯಿತು. 750 ಹಾಸಿಗೆ ಬೇಕೇ ಬೇಕು ಎಂದು ಮೊಲಿನಾ ಹಟ ಹಿಡಿದರು. ಬೋರ್ಡ್‌ನ ಬಹುಮತ 600ಕ್ಕೇ ನಿಂತಿತು. 2008ರಲ್ಲಿ ಹೊಸ ಆಸ್ಪತ್ರೆ ತೆರೆಯಿತು, 600 ಹಾಸಿಗೆಯೊಂದಿಗೇ. ಐವರಲ್ಲಿ ಒಬ್ಬರಾದ ಮಾತ್ರಕ್ಕೆ ಅಂದುಕೊಂಡಿದ್ದೆಲ್ಲ ಆಗಲ್ಲ. ಮೂರು ಮತ ಬೇಕು.

ಅವರ ಮಾತು ಒರಟು ಎಂಬ ದೂರಿತ್ತು. ಲೆಕ್ಕ ಸರಿಯಿಲ್ಲದೆ ಬಂದ ಅಧಿಕಾರಿಗಳನ್ನು ತುಂಬಿದ ಸಭೆಯಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ನನಗೇನೋ ಅದು ತಪ್ಪು ಅನಿಸುವುದಿಲ್ಲ. ಬಡವರ ಆಸ್ಪತ್ರೆಯ ಲೆಕ್ಕ ಕೇಳುವಾಗ ಎಷ್ಟು ಅಂತ ನಯವಾಗಿ ಕೇಳೋದು? ಅದೇ ಕೈ ಬಿಡುವಿನಲ್ಲಿ ಬಟ್ಟೆ ತುಂಡು ಜೋಡಿಸಿ ಕೌದಿಯನ್ನೂ ಹೊಲಿಯುತ್ತಿತ್ತು. ಈಸ್ಟ್ ಲಾಸ್ ಏಂಜಲೀಸ್‌ನಲ್ಲಿ ಕೌದಿ ಹೊಲಿಯುವವರ ಒಂದು ಗುಂಪನ್ನೇ ಕಟ್ಟಿದ್ದರು.

ಅವಧಿಯ ಮಿತಿ ಮುಗಿದು 2014ರಲ್ಲಿ ಬೋರ್ಡ್ ಬಿಟ್ಟರು. ಮರುವರ್ಷ ಮತ್ತೆ ಸಿಟಿ ಕೌನ್ಸಿಲ್‌ಗೆ ನಿಂತು ಸೋತರು. 2023ರ ಮೇ 14ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಮುಂದೆ ನಿಂತು ಮಾಡಿಸಿದ್ದ ನಗರದ ಗ್ರ್ಯಾಂಡ್ ಪಾರ್ಕ್‌ಗೆ ಈಗ ಅವರದೇ ಹೆಸರಿದೆ.

ಆಸ್ಪತ್ರೆಯ ಕಥೆಯಲ್ಲಿ ಇನ್ನೊಂದು ಮಾತು ಬಾಕಿ ಇದೆ. ಮೊಲಿನಾ ಬಿಟ್ಟ ಕ್ಷೇತ್ರದಿಂದ ಗೆದ್ದು ಬಂದವರು ಹಿಲ್ಡಾ ಸೊಲಿಸ್, ಅವರೂ ಲ್ಯಾಟಿನಾ. 2018ರಲ್ಲಿ ಸೊಲಿಸ್ ಬೋರ್ಡ್ ಮುಂದೆ ಒಂದು ನಿರ್ಣಯ ತಂದರು, ಅದು ಪಾಸಾಯಿತು. 1968ರಿಂದ 1974ರವರೆಗೆ ಆ ಆಸ್ಪತ್ರೆಯಲ್ಲಿ ಒತ್ತಾಯದ ಆಪರೇಷನ್‌ಗೆ ಒಳಗಾದ 200ಕ್ಕೂ ಹೆಚ್ಚು ಮಹಿಳೆಯರ ಬಳಿ ಲಾಸ್ ಏಂಜಲೀಸ್ ಕೌಂಟಿ ಕ್ಷಮೆ ಕೇಳಿತು.