ಯೊಕೊಸುಕಾದ ಮಿಕಾಸಾ ಅಸಲಿ ಹಡಗೇ, ಪ್ರತಿಕೃತಿಯೇ?

ಓದುಗರ ಪ್ರಶ್ನೆ: ಜಪಾನಿನ ಯೊಕೊಸುಕಾದಲ್ಲಿ ವಸ್ತುಸಂಗ್ರಹಾಲಯವಾಗಿರುವ ಮಿಕಾಸಾ ಸಮರನೌಕೆ ನೀರಿನಲ್ಲಿ ತೇಲುತ್ತಿಲ್ಲ, ನೆಲದಲ್ಲಿ ಹೂತುಕೊಂಡಂತೆ ನಿಂತಿದೆ. ಅದರ ಮೇಲಿನ ಫಿರಂಗಿಗಳು ಈಚಿನವು ಎಂದೂ ಹೇಳುತ್ತಾರೆ. ಹಾಗಾದರೆ ರಷ್ಯಾ ವಿರುದ್ಧ 1905ರ ಯುದ್ಧದಲ್ಲಿ ಹೋರಾಡಿದ ಹಡಗು ಇದೇನೇ, ಅಥವಾ ಆಮೇಲೆ ಕಟ್ಟಿದ ಪ್ರತಿಕೃತಿಯೇ?

ಉತ್ತರ: ಹಡಗಿನ ಒಡಲು ಅಸಲಿಯದು, ಡೆಕ್ಕಿನಿಂದ ಮೇಲೆ ಕಾಣುವುದರಲ್ಲಿ ಬಹುಪಾಲು 1959ರಿಂದ 1961ರ ನಡುವೆ ಮರಳಿ ಕಟ್ಟಿದ್ದು. ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಆದರೆ ಅಸಲಿ ಒಡಲು ಉಳಿದದ್ದೇ ಅದನ್ನು ನೆಲಕ್ಕೆ ಕಟ್ಟಿಹಾಕಿದ್ದರಿಂದ ಎಂಬುದು ನನ್ನ ಅಭಿಪ್ರಾಯವಾದ್ದರಿಂದ, ಹಡಗಿನ ಕತೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕಾಗುತ್ತದೆ.

ಮಿಕಾಸಾ ಜಪಾನಿನಲ್ಲಿ ಕಟ್ಟಿದ ಹಡಗಲ್ಲ. ಚೀನಾದೊಡನೆ 1894–95ರಲ್ಲಿ ನಡೆದ ಯುದ್ಧವನ್ನು ಗೆದ್ದ ಜಪಾನಿಗೆ ದೊಡ್ಡ ಮೊತ್ತದ ಯುದ್ಧಪರಿಹಾರ ದೊರೆಯಿತು. ಆರು ಸಮರನೌಕೆಗಳನ್ನೂ ಆರು ಕವಚಧಾರಿ ಕ್ರೂಸರುಗಳನ್ನೂ ಹೊಂದುವ ಯೋಜನೆಗೆ ಆ ಹಣವೂ ಒದಗಿತು. ಆ ಗಾತ್ರದ ಹಡಗನ್ನು ಕಟ್ಟುವ ಸಾಮರ್ಥ್ಯ ದೇಶದಲ್ಲಿ ಇನ್ನೂ ಬೆಳೆದಿರದ ಕಾರಣ ಆರೂ ಸಮರನೌಕೆಗಳು ಬ್ರಿಟನ್ನಿನಲ್ಲೇ ತಯಾರಾದವು. ಅವುಗಳಲ್ಲಿ ಕೊನೆಯದು ಮಿಕಾಸಾ. ನಾರಾ ನಗರದ ಬಳಿಯ ಒಂದು ಬೆಟ್ಟದ ಹೆಸರನ್ನು ಅದಕ್ಕಿಟ್ಟಿದ್ದಾರೆ. ಬ್ಯಾರೋ-ಇನ್-ಫರ್ನೆಸ್ ಪಟ್ಟಣದ ವಿಕರ್ಸ್ ಕಾರ್ಖಾನೆ 1899ರ ಜನವರಿಯಲ್ಲಿ ಕೆಲಸ ಆರಂಭಿಸಿ, 1900ರ ನವೆಂಬರಿನಲ್ಲಿ ಹಡಗನ್ನು ನೀರಿಗಿಳಿಸಿ, 1902ರ ಮಾರ್ಚಿನಲ್ಲಿ ಒಪ್ಪಿಸಿತು. ತೂಕ ಸುಮಾರು 15,000 ಟನ್, ಬೆಲೆ ಸುಮಾರು 8,80,000 ಪೌಂಡ್, ವೇಗ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.). ಹಿಂದೆ ಮುಂದೆ ಎರಡೆರಡರಂತೆ ನಾಲ್ಕು 12 ಇಂಚಿನ ಫಿರಂಗಿಗಳು, ಇಕ್ಕೆಲಗಳಲ್ಲಿ ಹದಿನಾಲ್ಕು 6 ಇಂಚಿನವು. ಕ್ರುಪ್ ವಿಧಾನದಲ್ಲಿ ಗಡುಸುಗೊಳಿಸಿದ ಉಕ್ಕಿನ ಕವಚ ಅದರ ವಿಶೇಷವಾಗಿತ್ತು. ಬ್ಯಾರೋದ ಪಕ್ಕದ ವಾಲ್ನಿ ದ್ವೀಪದಲ್ಲಿ ಈಗಲೂ ಮಿಕಾಸಾ ಹೆಸರಿನ ಒಂದು ಬೀದಿಯಿದೆ.

ರಷ್ಯಾದೊಡನೆ ಯುದ್ಧ ಸಮೀಪಿಸಿದಾಗ ಅಡ್ಮಿರಲ್ ಟೋಗೋ ಹೆಯಿಹಾಚಿರೋ ಇದನ್ನೇ ತಮ್ಮ ಧ್ವಜನೌಕೆಯಾಗಿ, ಅಂದರೆ ತಾವಿದ್ದು ಪಡೆಯನ್ನು ನಡೆಸುವ ಹಡಗಾಗಿ, ಮಾಡಿಕೊಂಡರು. 1904ರ ಫೆಬ್ರವರಿಯಲ್ಲಿ ರಷ್ಯಾದ ನೌಕಾನೆಲೆ ಪೋರ್ಟ್ ಆರ್ಥರ್ ಮೇಲಿನ ದಾಳಿಯಿಂದ ಆರಂಭವಾದ ಆ ಯುದ್ಧದಲ್ಲಿ ಮಿಕಾಸಾ ಮುಂಚೂಣಿಯಲ್ಲೇ ಇತ್ತು. ಅದೇ ವರ್ಷದ ಮೇ 15ರಂದು ಹಾತ್ಸುಸೆ, ಯಾಶಿಮಾ ಎಂಬ ಎರಡು ಸಮರನೌಕೆಗಳು ಒಂದೇ ದಿನ ನೆಲಬಾಂಬಿನಂತೆ ನೀರಿನಲ್ಲಿ ಅಡಗಿಸಿಟ್ಟ ಸ್ಫೋಟಕಗಳಿಗೆ ಬಲಿಯಾದವು. ಆರರಲ್ಲಿ ನಾಲ್ಕೇ ಉಳಿದದ್ದರಿಂದ ಟೋಗೋ ಬಹಳ ಎಚ್ಚರದಿಂದ ನಡೆಯಬೇಕಾಯಿತು. ಆಗಸ್ಟ್ 10ರ ಹಳದಿ ಸಮುದ್ರದ ಕಾಳಗದಲ್ಲಿ ಮಿಕಾಸಾಗೆ ಇಪ್ಪತ್ತರಷ್ಟು ಗುಂಡುಗಳು ಬಡಿದವು.

1905ರ ಮೇ 27ರಂದು ತ್ಸುಶಿಮಾ ಜಲಸಂಧಿಯಲ್ಲಿ ನಡೆದ ಕಾಳಗವೇ ಈ ಹಡಗನ್ನು ರಾಷ್ಟ್ರದ ಸ್ಮಾರಕವಾಗಿಸಿತು. ಬಾಲ್ಟಿಕ್ ಸಮುದ್ರದಿಂದ ಏಳು ತಿಂಗಳು ಸಾಗಿಬಂದಿದ್ದ ರಷ್ಯನ್ ನೌಕಾಪಡೆ ಎದುರಾದಾಗ, ಟೋಗೋ ತಮ್ಮ ಸಾಲಿನ ಹಡಗುಗಳು ಒಂದರ ಹಿಂದೊಂದು ಅದೇ ಜಾಗದಲ್ಲಿ ತಿರುಗಿ ಶತ್ರುವಿನ ಮುಂಗಡೆಯನ್ನು ಅಡ್ಡಗಟ್ಟುವಂತೆ ಆಜ್ಞೆ ಮಾಡಿದರು. ಈ ತಿರುವಿನಲ್ಲಿ ಅಪಾಯವಿತ್ತು. ಉಳಿದ ಹಡಗುಗಳು ತಿರುಗಿ ಮುಗಿಸುವವರೆಗೆ, ಮೊದಲು ತಿರುಗಿದ ಹಡಗು ಎದುರಾಳಿಗಳೆಲ್ಲರ ಗುರಿಯಾಗುತ್ತದೆ. ಆ ಮೊದಲ ಹಡಗು ಮಿಕಾಸಾ. ಅಂದು ಅದಕ್ಕೆ ಬಡಿದ ಗುಂಡುಗಳು ಮೂವತ್ತಕ್ಕೂ ಹೆಚ್ಚು. ಟೋಗೋ ಮಾತ್ರ ಕವಚವಿದ್ದ ಕೋಣೆಗೆ ಇಳಿಯದೆ ತೆರೆದ ಅಟ್ಟಣೆಯ ಮೇಲೆಯೇ ನಿಂತಿದ್ದರು. ತಿರುವು ಪೂರ್ಣಗೊಂಡ ಮೇಲೆ ಜಪಾನೀ ಫಿರಂಗಿಗಳ ನಿಖರತೆ ಮೇಲುಗೈ ಪಡೆಯಿತು, ಮರುದಿನದ ಹೊತ್ತಿಗೆ ರಷ್ಯನ್ ಪಡೆ ಬಹುತೇಕ ಇಲ್ಲವಾಗಿತ್ತು. ಜಪಾನ್ ಕಳೆದುಕೊಂಡದ್ದು ಮೂರು ಟಾರ್ಪೆಡೋ ದೋಣಿಗಳನ್ನು ಮತ್ತು 117 ಮಂದಿಯನ್ನು. ಆ ದಿನಗಳಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಹೋಗಿದ್ದ ಬಾಲಕ ಜವಾಹರಲಾಲ್ ನೆಹರೂ, ಡೋವರಿನಿಂದ ಲಂಡನ್ನಿಗೆ ರೈಲಿನಲ್ಲಿ ಹೋಗುವಾಗ ಈ ಸುದ್ದಿಯನ್ನು ಓದಿ ಹಿಗ್ಗಿದ್ದುಂಟು. ಯುರೋಪಿನ ಸಾಮ್ರಾಜ್ಯವೊಂದನ್ನು ಏಷ್ಯಾದ ದೇಶವೊಂದು ಸೋಲಿಸಬಲ್ಲದೆಂಬುದು ವಸಾಹತುಗಳ ಜನರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಶತ್ರು ಮುಳುಗಿಸಲಾಗದ ಹಡಗು ಸ್ವಂತ ಬಂದರಿನಲ್ಲೇ ಮುಳುಗಿತು ಎಂಬುದು ಮಿಕಾಸಾದ ಚರಿತ್ರೆಯಲ್ಲಿ ಹೆಚ್ಚು ಜನ ಗಮನಿಸದ ಭಾಗ. ಶಾಂತಿ ಒಪ್ಪಂದಕ್ಕೆ ಸಹಿಯಾದ ಕೆಲವೇ ದಿನಗಳಲ್ಲಿ, 1905ರ ಸೆಪ್ಟೆಂಬರಿನ ಒಂದು ರಾತ್ರಿ, ಸಾಸೆಬೊ ಬಂದರಿನಲ್ಲಿ ಹಿಂಭಾಗದ ಮದ್ದಿನ ಕೋಣೆ ಸ್ಫೋಟಿಸಿ ಹಡಗು ತಳ ಸೇರಿತು. ಇನ್ನೂರೈವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ತ್ಸುಶಿಮಾದಲ್ಲಿ ಇಡೀ ಜಪಾನೀ ಪಡೆ ಕಳೆದುಕೊಂಡವರ ಎರಡು ಪಟ್ಟಿಗಿಂತ ಹೆಚ್ಚಿನ ಸಂಖ್ಯೆಯದು. 1906ರಲ್ಲಿ ಅದನ್ನು ಮೇಲೆತ್ತಿ, ದುರಸ್ತಿ ಮಾಡಿ, 1908ರಲ್ಲಿ ಮತ್ತೆ ಸೇವೆಗೆ ಸೇರಿಸಿದರು. ಅಷ್ಟರಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ನೀರಿಗಿಳಿದು ಹಿಂದಿನ ಎಲ್ಲ ಸಮರನೌಕೆಗಳನ್ನೂ ಹಳತಾಗಿಸಿತ್ತು. ಮುಂದೆ ಮಿಕಾಸಾ ಮಾಡಿದ್ದು ಮುಖ್ಯವಾಗಿ ಕರಾವಳಿ ಕಾವಲಿನ ಕೆಲಸ.

ದೊಡ್ಡ ಯುದ್ಧನೌಕೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ನೌಕಾ ಒಪ್ಪಂದದಲ್ಲಿ ಜಪಾನ್ ಒಡೆದು ವಿಲೇವಾರಿ ಮಾಡಬೇಕಾದ ಹಡಗುಗಳ ಪಟ್ಟಿಗೆ ಮಿಕಾಸಾ ಕೂಡ ಸೇರಿತು. ಅದನ್ನು ಉಳಿಸಿಕೊಳ್ಳಲು ಜನರಿಂದ ಒತ್ತಾಯ ಬಂದ ಮೇಲೆ ಸರ್ಕಾರ ಒಪ್ಪಂದದ ಇತರ ರಾಷ್ಟ್ರಗಳನ್ನು ಕೇಳಿಕೊಂಡಿತು. ಅವು ಒಪ್ಪಿದವು, ಒಂದು ಷರತ್ತಿನ ಮೇಲೆ: ಹಡಗು ಮತ್ತೆಂದೂ ಸಮುದ್ರಕ್ಕಿಳಿಯದಂತೆ ಅದನ್ನು ಕಾಂಕ್ರೀಟಿನಲ್ಲಿ ನೆಲೆನಿಲ್ಲಿಸಬೇಕು. ಯೊಕೊಸುಕಾದ ದಡದಲ್ಲಿ ಅದನ್ನು ಚಕ್ರವರ್ತಿಯ ಅರಮನೆಯ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಸುತ್ತ ಮರಳು ಮಣ್ಣು ತುಂಬಿ, ಒಡಲಿನ ಕೆಳಭಾಗಕ್ಕೆ ಕಾಂಕ್ರೀಟ್ ಸುರಿದರು. 1926ರ ನವೆಂಬರ್ 12ರಂದು ಯುವರಾಜ ಹಿರೋಹಿತೊ ಅವರ ಮತ್ತು ವೃದ್ಧ ಟೋಗೋ ಅವರ ಸಮ್ಮುಖದಲ್ಲಿ ಸ್ಮಾರಕ ತೆರೆಯಿತು. ಪ್ರಶ್ನೆಯಲ್ಲಿ ಕೇಳಿರುವ "ತೇಲದಿರುವಿಕೆ" ಹೀಗೆ ಅಂತರರಾಷ್ಟ್ರೀಯ ಕರಾರಿನ ಫಲ.

ಮೇಲ್ಭಾಗ ಏಕೆ ಹೊಸದು ಎಂಬುದಕ್ಕೆ ಉತ್ತರ 1945ರ ನಂತರದ ವರ್ಷಗಳಲ್ಲಿದೆ. ಸೋತ ಜಪಾನಿನಲ್ಲಿ ಈ ಸ್ಮಾರಕವನ್ನು ಸಂಪೂರ್ಣ ನಾಶಮಾಡಬೇಕೆಂದು ಸೋವಿಯತ್ ಪ್ರತಿನಿಧಿಗಳು ಪಟ್ಟುಹಿಡಿದರು. ಅಮೆರಿಕನ್ನರು ಅಷ್ಟು ದೂರ ಹೋಗಲಿಲ್ಲವಾದರೂ ಫಿರಂಗಿ, ಕೂವೆಮರ, ಅಟ್ಟಣೆಗಳೆಲ್ಲ ಕಳಚಿಹೋದವು. ಡೆಕ್ಕಿನ ಮೇಲೆ ನೃತ್ಯಶಾಲೆ ಬಂತು, ಮೀನುಗಳ ಪ್ರದರ್ಶನಾಲಯ ಬಂತು. ಲೋಹಕ್ಕೆ ಬೆಲೆ ಏರಿದಾಗ ಕೈಗೆ ಸಿಕ್ಕಿದ್ದೆಲ್ಲ ಗುಜರಿಗೆ ಹೋಯಿತು. 1955ರಲ್ಲಿ ಬ್ಯಾರೋ ಮೂಲದ ಬ್ರಿಟಿಷ್ ವರ್ತಕ ಜಾನ್ ರೂಬಿನ್ ಈ ದುಃಸ್ಥಿತಿಯ ಬಗ್ಗೆ ಜಪಾನ್ ಟೈಮ್ಸ್ ಪತ್ರಿಕೆಗೆ ಬರೆದ ಪತ್ರ ಚರ್ಚೆಯನ್ನು ಹುಟ್ಟುಹಾಕಿತು. ಮುಂದೆ ಬೆಂಬಲಕ್ಕೆ ನಿಂತವರು ಅಮೆರಿಕದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್: ಪೆಸಿಫಿಕ್ ಯುದ್ಧದಲ್ಲಿ ಜಪಾನೀ ನೌಕಾದಳವನ್ನು ಸೋಲಿಸಿದವರು, ಅದಕ್ಕೂ ಮೊದಲು, 1905ರಲ್ಲಿ, ಟೋಕಿಯೋದ ಒಂದು ಔತಣಕೂಟದಲ್ಲಿ ಟೋಗೋ ಅವರನ್ನು ಭೇಟಿಯಾಗಿದ್ದ ತರುಣ. 1959ರಲ್ಲಿ ಚಿಲಿ ದೇಶದ ಅಲ್ಮಿರಾಂಟೆ ಲಾಟೋರೆ ಎಂಬ, ಬ್ರಿಟನ್ನಿನಲ್ಲೇ ಕಟ್ಟಿದ ಸಮರನೌಕೆ ಗುಜರಿಯಾಗಲು ಜಪಾನಿಗೆ ಬಂದದ್ದು ಪುನರ್ನಿರ್ಮಾಣದವರ ಅದೃಷ್ಟ. ಅದರ ಹಲವು ಬಿಡಿಭಾಗಗಳು ಮಿಕಾಸಾಗೆ ಒದಗಿದವು. ದೊಡ್ಡ ಫಿರಂಗಿಗಳಿಗೆ ಮಾತ್ರ ಪ್ರತಿಕೃತಿಗಳನ್ನೇ ಮಾಡಬೇಕಾಯಿತು. 1961ರ ಮೇ 27ರಂದು, ತ್ಸುಶಿಮಾದ ವಾರ್ಷಿಕ ದಿನವೇ, ಸ್ಮಾರಕ ಮತ್ತೆ ತೆರೆಯಿತು.

ಇಲ್ಲಿ ಒಂದು ಹೋಲಿಕೆ ಉಪಯುಕ್ತ. ತ್ಸುಶಿಮಾದಲ್ಲಿ ರಷ್ಯಾದ ಪರವಾಗಿ ಹೋರಾಡಿ ಮನಿಲಾಗೆ ತಪ್ಪಿಸಿಕೊಂಡ ಕ್ರೂಸರ್ ಅವ್ರೋರಾ ಇಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವಸ್ತುಸಂಗ್ರಹಾಲಯವಾಗಿದೆ, ನೆವಾ ನದಿಯ ನೀರಿನಲ್ಲೇ ಇದೆ. ಆದರೆ ದಶಕಗಳ ಕಾಲ ನೀರಿನಲ್ಲಿದ್ದು ತಳ ಶಿಥಿಲವಾದ್ದರಿಂದ 1984–87ರ ದುರಸ್ತಿಯಲ್ಲಿ ನೀರಿನ ಮಟ್ಟದ ಕೆಳಗಿನ ಒಡಲನ್ನೇ ಹೊಸದಾಗಿ ಕಟ್ಟಿದರು. ಒಂದರಲ್ಲಿ ಮೇಲ್ಭಾಗ ಹೊಸದು, ಇನ್ನೊಂದರಲ್ಲಿ ತಳಭಾಗ ಹೊಸದು. ಅವ್ರೋರಾವನ್ನು ಯಾರೂ ಪ್ರತಿಕೃತಿ ಎನ್ನುವುದಿಲ್ಲ. ಮಿಕಾಸಾವನ್ನು ಹಾಗೆನ್ನಲು ಕಾರಣ ಅದಕ್ಕಿಂತ ಕಡಿಮೆಯೇ. ಡ್ರೆಡ್‌ನಾಟ್‌ಗೆ ಮೊದಲಿನ ಸಮರನೌಕೆಗಳಲ್ಲಿ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ, ಬ್ರಿಟನ್ನಿನಲ್ಲಿ ಕಟ್ಟಿದ ಉಕ್ಕಿನ ಸಮರನೌಕೆಗಳಲ್ಲಿಯೂ ಇದೊಂದೇ.

ಹೋಗಿ ನೋಡುವವರು ಟೋಗೋ ನಿಂತಿದ್ದ ಅಟ್ಟಣೆಗೆ ಮೊದಲು ಹತ್ತುತ್ತಾರೆ, ಆದರೆ ಅದು ಮರಳಿ ಕಟ್ಟಿದ ಭಾಗ. ಬಾಯ್ಲರ್ ಮತ್ತು ಎಂಜಿನುಗಳಿದ್ದ ಕೆಳಗಿನ ಜಾಗಕ್ಕೆ ಪ್ರವೇಶವಿಲ್ಲ. ಬ್ಯಾರೋದಲ್ಲಿ ಜೋಡಿಸಿದ ಉಕ್ಕನ್ನು ನೋಡಬೇಕೆಂದಿದ್ದರೆ ಕೆಳಗೆ ನಿಂತು ಒಡಲಿನ ಇಕ್ಕೆಲಗಳನ್ನೇ ನೋಡಬೇಕು.