ಹಗ್ಗ ಬಿಗಿದರೆ ಹೆಜ್ಜೆ ನಿಲ್ಲಲಿ

ನಾಯಿ ಯಾಕೆ ಎಳೆಯುತ್ತದೆ ಎಂದು ಕೇಳುವವರ ಬಳಿ ಉತ್ತರವೂ ಮೊದಲೇ ಇರುತ್ತದೆ: ಮೊಂಡು ಜಾಸ್ತಿ, ಸೊಕ್ಕು ಜಾಸ್ತಿ, ಮನೆಯವರ ಮೇಲೆ ದರ್ಬಾರು ಮಾಡುತ್ತದೆ. ಇದ್ಯಾವುದೂ ಅಲ್ಲ. ಎಳೆದರೆ ಕೆಲಸ ಆಗುತ್ತದೆ, ಅದಕ್ಕೇ ಎಳೆಯುತ್ತದೆ. ಮುಂದಿನ ಕಂಬ ಮೂಸಬೇಕೆನ್ನಿಸಿತು, ಕುತ್ತಿಗೆ ಕೊಟ್ಟು ಜಗ್ಗಿತು, ಹಗ್ಗ ಹಿಡಿದವರು ನಾಲ್ಕು ಹೆಜ್ಜೆ ದಡದಡನೆ ಬಂದರು, ಕಂಬ ಸಿಕ್ಕಿತು. ಆ ನಾಲ್ಕು ಹೆಜ್ಜೆಯೇ ಕೂಲಿ. ದಿನಕ್ಕೆರಡು ಸಲ ತಪ್ಪದೆ ಕೂಲಿ ಕೊಟ್ಟು ಕಲಿಸಿದ್ದು ಒಂದು ಭಾನುವಾರದ ಗದರಿಕೆಗೆ ಮರೆತುಹೋಗುವುದಿಲ್ಲ. ಇದರ ಜೊತೆಗೆ, ನಾಯಿಯ ಸಹಜ ನಡಿಗೆ ನಮ್ಮದಕ್ಕಿಂತ ಚುರುಕು. ನಮ್ಮ ವೇಗಕ್ಕೆ ಇಳಿದು ನಡೆಯುವುದು ಅದಕ್ಕೆ ಹುಟ್ಟಿನಿಂದ ಬಂದದ್ದಲ್ಲ, ಕಲಿಯಬೇಕಾದ ಕೆಲಸ.

‘ಕುರಿ ಹಿಂಡಿನ ಹಿಂದ ಬರೋ ನಾಯಿಗೆ ಯಾರು ಟ್ರೈನಿಂಗ್ ಕೊಟ್ಟಾರ್ರೀ? ಅದು ಸುಮ್ಮನ ಬರ್ತದಲ್ಲ?’ ಎಂದು ಕೊಪ್ಪಳ, ಕುಷ್ಟಗಿ ಕಡೆಯವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಆ ನಾಯಿಗೆ ಹಗ್ಗವೇ ಇಲ್ಲ, ಹಾಗಾಗಿ ಎಳೆಯುವ ಮಾತೂ ಇಲ್ಲ. ಅದು ದಿನವಿಡೀ ತನ್ನ ವೇಗದಲ್ಲಿ ನಡೆಯುತ್ತದೆ, ಬೇಕಾದಲ್ಲಿ ನಿಂತು ಮೂಸುತ್ತದೆ. ನಮ್ಮ ಮನೆಯ ಲ್ಯಾಬ್ರಡಾರ್ ಇಪ್ಪತ್ತಮೂರೂವರೆ ತಾಸು ಗೇಟಿನೊಳಗಿದ್ದು, ಉಳಿದ ಅರ್ಧ ತಾಸಿನಲ್ಲಿ ಇಡೀ ಲೋಕವನ್ನು ಮೂಸಿ ಮುಗಿಸಬೇಕು.

ಕುತ್ತಿಗೆಗೇನು, ಕೈಗೇನು

ಕಬ್ಬಿಣದ ಚೈನು ಮೊದಲು ಬಿಡಬೇಕು. ಅದು ಸಡಿಲವಾಗಿ ಜೋತಾಡುವಾಗಲೂ ತನ್ನ ಭಾರದಿಂದ ಕುತ್ತಿಗೆಯನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಬಿಗಿ ಯಾವುದು, ಸಡಿಲ ಯಾವುದು ಎಂಬ ವ್ಯತ್ಯಾಸವೇ ತಿಳಿಯದ ನಾಯಿಗೆ ನಾವು ಕಲಿಸಹೊರಟಿರುವುದು ಅದೇ ವ್ಯತ್ಯಾಸವನ್ನು. ಐದಾರು ಅಡಿ ಉದ್ದದ, ಕೈಗೆ ಒರಟಾಗದ ನೈಲಾನ್ ಅಥವಾ ಹತ್ತಿಯ ಪಟ್ಟಿ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ, ಸುರುಳಿ ಸುತ್ತುವ ಹಗ್ಗ ನೋಡಲು ಚಂದ, ಆದರೆ ಒಳಗಿನ ಸ್ಪ್ರಿಂಗ್ ಅದನ್ನು ಸದಾ ಬಿಗಿಯಾಗಿಯೇ ಇಟ್ಟಿರುತ್ತದೆ. ಜಗ್ಗಿದಷ್ಟೂ ಉದ್ದ ಸಿಗುತ್ತದೆ ಎಂದರೆ ಅದು ನಮ್ಮ ಪಾಠಕ್ಕೆ ನೇರ ವಿರುದ್ಧ.

ಅಂಗಡಿಯವರು ಬೆಲ್ಟ್ ಎನ್ನುವ ಕುತ್ತಿಗೆಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಆದರೆ ಪಟ್ಟಿ ಕಿವಿ ದಾಟಿ ಬರಬಾರದು. ಈಗಾಗಲೇ ಜೋರಾಗಿ ಎಳೆಯುವ ನಾಯಿಗೆ ಹಾರ್ನೆಸ್, ಅಂದರೆ ಎದೆ ಬೆನ್ನು ಸುತ್ತುವ ಪಟ್ಟಿ, ಮೇಲು. ಎದೆಯ ಮುಂದೆ ಇಂಗ್ಲಿಷಿನ ವೈ ಆಕಾರದಲ್ಲಿ ಬರುವುದನ್ನು, ಎದೆಯ ಮೇಲೂ ಬೆನ್ನ ಮೇಲೂ ಒಂದೊಂದು ಕೊಂಡಿ ಇರುವುದನ್ನು ಆರಿಸಿ. ಎದೆಯ ಕೊಂಡಿಗೆ ಹಗ್ಗ ಹಾಕಿದರೆ ಜಗ್ಗಿದ ನಾಯಿ ಮುಂದಕ್ಕೆ ಹೋಗುವ ಬದಲು ಪಕ್ಕಕ್ಕೆ, ನಮ್ಮ ಕಡೆಗೆ ತಿರುಗುತ್ತದೆ. ಹೊಟ್ಟೆಯ ಪಟ್ಟಿ ಮುಂಗಾಲಿನ ಸಂದಿಗೆ ತಾಗುವಷ್ಟು ಹತ್ತಿರವಿದ್ದರೆ ವಾರದೊಳಗೆ ಚರ್ಮ ಕಿತ್ತುಬರುತ್ತದೆ. ಎರಡು ಬೆರಳಷ್ಟು ಹಿಂದಕ್ಕಿರಲಿ. ಹಾರ್ನೆಸ್ ತಾನಾಗಿ ಏನನ್ನೂ ಕಲಿಸುವುದಿಲ್ಲ. ಕಲಿಸುವಷ್ಟು ದಿನ ನಮ್ಮ ಭುಜ ಉಳಿಸುತ್ತದೆ, ಅಷ್ಟೆ.

ಜಗ್ಗಿದರೆ ಬಿಗಿಯುವ ಚೋಕ್ ಚೈನು, ಒಳಮುಖವಾಗಿ ಮೊಳೆಯಂಥ ಹಲ್ಲುಗಳಿರುವ ಪಟ್ಟಿ, ಇವೆರಡೂ ಬೇಡ. ಕುತ್ತಿಗೆಯಲ್ಲಿ ಶ್ವಾಸನಾಳ, ಥೈರಾಯ್ಡ್ ಗ್ರಂಥಿ, ನರಗಳು, ತಲೆಗೆ ಹೋಗುವ ರಕ್ತನಾಳಗಳು ಒತ್ತೊತ್ತಾಗಿವೆ. ಕುತ್ತಿಗೆ ಎಳೆದಾಗ ಕಣ್ಣೊಳಗಿನ ಒತ್ತಡವೂ ಏರುತ್ತದೆ. ಪಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಮೊದಲೇ ಹೆಚ್ಚು. ಮೂಗು ಚಪ್ಪಟೆಯಾದ ಪಗ್‌ಗೆ ಉಸಿರೇ ಕಷ್ಟ. ದೇಹದ ಪೆಟ್ಟಿಗಿಂತ ದೊಡ್ಡ ಅಪಾಯ ಮನಸ್ಸಿನದು. ಎದುರಿಗೆ ಮಗು ಬಂದಾಗಲೆಲ್ಲ ಕುತ್ತಿಗೆಗೆ ಚುಚ್ಚಿದರೆ ನಾಯಿ ಅದನ್ನು ಎಳೆದದ್ದಕ್ಕಲ್ಲ, ಮಗುವಿಗೆ ಜೋಡಿಸಿಕೊಳ್ಳುತ್ತದೆ. ಆರು ತಿಂಗಳಾದ ಮೇಲೆ ಮಕ್ಕಳನ್ನು ಕಂಡರೆ ಗುರುಗುಟ್ಟುತ್ತದೆ ಎಂದು ದೂರು ಬರುತ್ತದೆ.

ಪಡಸಾಲೆಯ ಪಾಠ

ಮೊದಲ ಪಾಠ ಬೀದಿಯಲ್ಲಲ್ಲ, ಪಡಸಾಲೆಯಲ್ಲಿ. ಹಗ್ಗವೂ ಬೇಡ. ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿದ ತಿನಿಸು ಮೂವತ್ತು ನಲವತ್ತು ಚೂರು ಇಟ್ಟುಕೊಳ್ಳಿ: ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮನೆಯಲ್ಲಿ ಮಾಂಸ ಮಾಡದವರಿಗೆ ಪನೀರ್. ದಿನಾ ಪುಕ್ಕಟೆ ಸಿಗುವ ಜೋಳದ ರೊಟ್ಟಿಯ ಚೂರು ಮನೆಯೊಳಗೆ ನಡೆಯುತ್ತದೆ. ಬೀದಿಯಲ್ಲಿ ಆಡೊಂದು ಎದುರಾದರೆ ರೊಟ್ಟಿಗೆ ಬೆಲೆಯಿಲ್ಲ. ಗ್ಲೂಕೋಸ್ ಬಿಸ್ಕೆಟ್ ಪುಡಿಯಾಗಿ ಉದುರುತ್ತದೆ, ನಾಯಿ ನೆಲ ನೆಕ್ಕುತ್ತ ನಿಲ್ಲುತ್ತದೆ, ಲಯ ತಪ್ಪುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಬೆರೆತದ್ದು ನಾಯಿಗೆ ವಿಷ. ಇಂಥ ಮೇಲ್ತಿನಿಸು ದಿನದ ಆಹಾರದ ಹತ್ತನೇ ಒಂದು ಪಾಲು ಮೀರದಿರಲಿ.

ನಾಯಿ ಪಕ್ಕಕ್ಕೆ ಬಂದು ನಿಂತ ಕ್ಷಣ ಒಂದೇ ಚಿಕ್ಕ ಮಾತು ಹೇಳಿ. ‘ಭೇಷ್’ ಆಗಬಹುದು, ಯಾವುದಾದರೂ ಸರಿ. ಮನೆಯವರೆಲ್ಲ ಅದನ್ನೇ ಬಳಸಬೇಕು. ಒಂದು ಸೆಕೆಂಡಿನೊಳಗೆ ತಿನಿಸು. ಕೊಡುವ ಜಾಗ ಮುಖ್ಯ: ನಮ್ಮ ತೊಡೆಯ ಪಕ್ಕ, ಪ್ಯಾಂಟಿನ ಹೊಲಿಗೆಯ ನೇರಕ್ಕೆ, ನಾಯಿಯ ಮೂತಿಯ ಎತ್ತರದಲ್ಲಿ. ಕೂಳು ಎಲ್ಲಿ ಬೀಳುತ್ತದೋ ನಾಯಿ ಅಲ್ಲಿರಲು ನೋಡುತ್ತದೆ. ಎದುರಿಗೆ ಕೈಚಾಚಿ ಕೊಟ್ಟರೆ ನಾಳೆಯಿಂದ ಕಾಲಿಗೆ ಅಡ್ಡಬರುತ್ತದೆ. ನಾಯಿ ಬಲಕ್ಕಿದ್ದು ತಿನಿಸು ಎಡಗೈಯಲ್ಲಿದ್ದರೂ ಇದೇ ಗತಿ. ನಾಯಿ ಇರುವ ಮಗ್ಗುಲಿನ ಕೈಯಿಂದಲೇ ಕೊಡಬೇಕು.

ಒಂದು ಹೆಜ್ಜೆಗೆ ಒಂದು ಚೂರು, ಆಮೇಲೆ ಎರಡಕ್ಕೆ, ಮೂರಕ್ಕೆ. ನಂತರ ಲೆಕ್ಕ ಸಿಗದಂತೆ ಐದಕ್ಕೊಮ್ಮೆ, ಎರಡಕ್ಕೊಮ್ಮೆ, ಎಂಟಕ್ಕೊಮ್ಮೆ ಕೊಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ಹತ್ತು ಹೆಜ್ಜೆ ಪಕ್ಕದಲ್ಲೇ ಬರುವಂತಾದ ಮೇಲೆ ಹಗ್ಗ ಹಾಕಿ, ಅದೂ ಕಾಂಪೌಂಡಿನೊಳಗೆ. ಹಗ್ಗದ ತುದಿ ಹೆಬ್ಬೆರಳಿಗೆ ಸಿಕ್ಕಿಸಿ ಅಂಗೈಯಲ್ಲಿ ಮುಚ್ಚಿರಲಿ. ಕೈಗೆ ಸುತ್ತಿಕೊಂಡರೆ ಒಂದು ಜಗ್ಗಿಗೆ ಬೆರಳು ಮುರಿಯಬಹುದು. ಹಿಡಿದ ಕೈ ಹೊಟ್ಟೆಗೆ ಅಂಟಿಕೊಂಡಿರಲಿ. ಎಷ್ಟೋ ಜನ ಕಾಲನ್ನು ಸರಿಯಾಗಿ ನಿಲ್ಲಿಸುತ್ತಾರೆ, ಕೈಯನ್ನು ಮಾತ್ರ ನಾಯಿಯ ಜೊತೆ ಚಾಚುತ್ತಾರೆ. ಆ ಎರಡು ಅಡಿಯೂ ಕೂಲಿಯೇ.

ಯಾವ ಮಗ್ಗುಲು? ಎಡಕ್ಕೇ ಇರಬೇಕೆಂಬುದು ಪೊಲೀಸ್, ಮಿಲಿಟರಿ ಪದ್ಧತಿ. ಬೀದಿಯಲ್ಲಿ ಬೇಕಾದದ್ದು ಗಾಡಿಗಳಿಂದ ದೂರದ ಮಗ್ಗುಲು. ಎದುರಿನ ಗಾಡಿ ಕಾಣುವಂತೆ ರಸ್ತೆಯ ಬಲಕ್ಕೆ ನಡೆಯುವವರು ನಾಯಿಯನ್ನು ಬಲಕ್ಕೇ ಇಟ್ಟುಕೊಳ್ಳಲಿ.

ಗೇಟಿನಾಚೆ

ಎಳೆತ ಬೀದಿಯಲ್ಲಿ ಶುರುವಾಗುವುದಿಲ್ಲ, ಗೇಟಿನ ಚಿಲಕದ ಸದ್ದಿಗೇ ಶುರುವಾಗುತ್ತದೆ. ಚಿಲಕ ತೆಗೆಯಿರಿ, ನುಗ್ಗಿದರೆ ಮತ್ತೆ ಹಾಕಿ, ಮಾತಿಲ್ಲದೆ. ನಾಲ್ಕು ಕಾಲೂ ನೆಲದ ಮೇಲಿದ್ದು ಹಗ್ಗ ಜೋತಾಡುತ್ತಿದ್ದರೆ ಮಾತ್ರ ಗೇಟು ತೆರೆಯಲಿ. ಮೊದಮೊದಲು ಇದಕ್ಕೇ ಹತ್ತು ನಿಮಿಷ ಹೋಗಬಹುದು. ಹೋಗಲಿ.

ಹೊರಗೆ ನಿಯಮ ಒಂದೇ. ಹಗ್ಗ ಬಿಗಿಯುವ ಸೂಚನೆ ಕಂಡಕೂಡಲೇ ನಿಲ್ಲುವುದು. ಹಿಂದಕ್ಕೆ ಜಗ್ಗಬಾರದು, ಬೈಯಬಾರದು, ಹೆಸರು ಕೂಗಬಾರದು. ಅದಾಗಿ ತಲೆ ತಿರುಗಿಸಿ ಹಗ್ಗ ಸಡಿಲ ಮಾಡಿದಾಗ ‘ಭೇಷ್’ ಹೇಳಿ ಹೊರಡಿ, ಪಕ್ಕದಲ್ಲೇ ನಾಲ್ಕು ಹೆಜ್ಜೆ ಬಂದ ಮೇಲೆ ತಿನಿಸು ಕೊಡಿ. ತಿರುಗಿ ಬಂದ ತಕ್ಷಣ ಕೊಟ್ಟರೆ ಎಡವಟ್ಟಾಗುತ್ತದೆ: ಎಳೆ, ತಿರುಗು, ತಿನ್ನು, ಮತ್ತೆ ಎಳೆ ಎಂಬ ಸರಪಳಿಯನ್ನೇ ನಾಯಿ ಪಾಠವೆಂದು ಕಲಿಯುತ್ತದೆ. ‘ನಿಲ್ಲೋದು ಮಾಡಿ ನೋಡಿದ್ವಿ, ಉಪಯೋಗ ಆಗಲಿಲ್ಲ’ ಎನ್ನುವವರಲ್ಲಿ ಬಹಳಷ್ಟು ಜನ ಎಡವಿದ್ದು ಇಲ್ಲಿಯೇ. ನಿಂತರೂ ಮುಂದಕ್ಕೇ ಒರಗಿಕೊಂಡು ನಿಲ್ಲುವ ನಾಯಿಗೆ ಇನ್ನೊಂದು ದಾರಿಯಿದೆ: ಬಿಗಿಯುವ ಮುಂಚೆಯೇ ‘ಬಾ’ ಎಂದು ಹೇಳಿ ಬಂದ ದಾರಿಗೆ ತಿರುಗಿ ನಡೆಯುವುದು.

ಹೀಗೆ ನಡೆದರೆ ಮೊದಲ ದಿನ ನಾಲ್ಕು ಮನೆ ದಾಟುವುದಿಲ್ಲ. ನಾಯಿಗೆ ಮಲಮೂತ್ರದ ಅವಸರ, ಮನೆಯವರಿಗೆ ಕೆಲಸದ ಅವಸರ. ಅದಕ್ಕೆ ಎರಡು ಬಗೆಯ ನಡಿಗೆ ಇಟ್ಟುಕೊಳ್ಳಬೇಕು. ಪಾಠದ ಹತ್ತು ನಿಮಿಷ ಎದೆಯ ಕೊಂಡಿಗೆ ಹಗ್ಗ, ನಿಯಮ ಕಟ್ಟುನಿಟ್ಟು. ಉಳಿದ ಹೊತ್ತು ಬೆನ್ನಿನ ಕೊಂಡಿಗೆ ಹಗ್ಗ. ಆಗ ಸ್ವಲ್ಪ ಎಳೆದರೂ ಲೆಕ್ಕಕ್ಕಿಲ್ಲ. ಎಲ್ಲಿ ಸಿಕ್ಕಿಸಿದ್ದಾರೆ ಎಂಬುದನ್ನು ನಾಯಿಗಳು ಕೆಲವೇ ದಿನಗಳಲ್ಲಿ ಗುರುತಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಒಂದೇ ಕೊಂಡಿಗೆ ಹಾಕಿ ಅಪ್ಪ ನಿಲ್ಲುವುದು, ಮಗ ಓಡುವುದು. ಒಮ್ಮೊಮ್ಮೆ ಫಲಿಸುವ ಎಳೆತ ಯಾವಾಗಲೂ ಫಲಿಸುವ ಎಳೆತಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ.

ಆರಂಭದ ಕೆಲವು ದಿನ ಎಳೆತ ಕಡಿಮೆಯಾಗುವ ಬದಲು ಹೆಚ್ಚಾಗಬಹುದು, ಬೊಗಳಾಟವೂ ಸೇರಬಹುದು. ಬರುತ್ತಿದ್ದ ಕೂಲಿ ನಿಂತರೆ ಮೊದಲು ಜಗಳ, ಆಮೇಲಷ್ಟೇ ಬೇರೆ ಕೆಲಸ. ಆ ಜಗಳದ ಹೊತ್ತಿಗೆ ಸೋತು ಮುಂದೆ ನಡೆದರೆ ಇನ್ನೂ ಜೋರಾಗಿ ಎಳೆಯಬೇಕು ಎಂಬುದನ್ನು ಕಲಿಸಿದಂತೆ.

ಮೂಸುವುದನ್ನು ಅಶಿಸ್ತು ಎಂದುಕೊಳ್ಳುವವರು ಕೈಯಲ್ಲಿರುವ ಅತಿ ದೊಡ್ಡ ಬಹುಮಾನವನ್ನೇ ಬಿಸಾಡುತ್ತಾರೆ. ಕಂಬ ಕಂಡಿತೇ? ಐದು ಹೆಜ್ಜೆ ಸಡಿಲ ಹಗ್ಗದಲ್ಲಿ ನಡೆಸಿ, ‘ಹೋಗು’ ಎಂದು ಹೇಳಿ ಕಂಬದವರೆಗೆ ನೀವೂ ಹೋಗಿ, ಅರ್ಧ ನಿಮಿಷ ಬಿಡಿ. ಯಾವ ಕಂಬಕ್ಕಾಗಿ ಎಳೆಯುತ್ತಿತ್ತೋ ಅದೇ ಕಂಬ ಈಗ ಎಳೆಯದಿದ್ದಕ್ಕೆ ಸಿಗುತ್ತದೆ. ತಿನಿಸಿನ ಚೀಲ ಕ್ರಮೇಣ ಹಗುರಾಗುವುದು ಇದರಿಂದಲೇ.

ಜಾಗದ ಅನುಕ್ರಮವನ್ನು ಹಾರಿಸಬೇಡಿ: ಕಾಂಪೌಂಡ್, ನಸುಕಿನ ಖಾಲಿ ಓಣಿ, ಎಂಟು ಗಂಟೆಯ ಓಣಿ, ಕೊನೆಗೆ ಬಜಾರಿನ ಅಂಚು. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ದಾರಿ, ಸಂಜೆ ಮಿರ್ಚಿ ಮಂಡಕ್ಕಿ ಬಂಡಿಗಳ ಸಾಲು ಸದ್ಯಕ್ಕೆ ಬೇಡ. ಕೋಳಿಯ ಚೂರನ್ನೂ ಮೂಸಿ ಬಿಟ್ಟಿತೆಂದರೆ ಅದು ಹಟವಲ್ಲ. ತಲೆ ಕೆಲಸ ಮಾಡದಷ್ಟು ಗದ್ದಲದ ನಡುವೆ ನಿಲ್ಲಿಸಿದ್ದೇವೆ ಎಂದರ್ಥ. ದೂರ ಸರಿಯಿರಿ.

ಹಗಲಿಡೀ ಮೂರಡಿ ಚೈನಿಗೆ ಕಟ್ಟಿದ ನಾಯಿಗೆ ಇದ್ಯಾವುದೂ ನಾಟುವುದಿಲ್ಲ. ವಿಪರೀತ ಗಿಡ್ಡ ಅಥವಾ ಭಾರದ ಚೈನಿನಲ್ಲಿ ಅತಿ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಪಾಠಕ್ಕೆ ಮುಂಚೆ ಕಾಂಪೌಂಡಿನಲ್ಲಿ ಹತ್ತು ನಿಮಿಷ ಬಿಟ್ಟು, ತಿನಿಸು ಚೆಲ್ಲಿ ಹುಡುಕಿಸಿದರೆ ಅರ್ಧ ಆವೇಶ ಅಲ್ಲೇ ಇಳಿಯುತ್ತದೆ.

ಬಿಸಿಲು, ಮುಳ್ಳು, ಬೀದಿನಾಯಿ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಎಳೆಯುವ ನಾಯಿಯ ಕುತ್ತಿಗೆಯನ್ನು ಬೆಲ್ಟ್ ಒತ್ತಿ ಅದಕ್ಕೂ ಅಡ್ಡಿಮಾಡುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಿ. ಸಂಜೆ ಗಾಳಿ ತಂಪಾದರೂ ಡಾಂಬರು ತಣಿದಿರುವುದಿಲ್ಲ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯೂ ನಡೆಯಬಾರದು. ನಾಲಿಗೆ ಅಗಲವಾಗಿ ಕಡುಕೆಂಪಾಗಿ, ಅಂಟು ಜೊಲ್ಲು ಸುರಿದು, ಕಾಲು ತಡವರಿಸಿದರೆ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಹಾಕುತ್ತಲೇ ಪಶುವೈದ್ಯರ ಬಳಿ ಒಯ್ಯಬೇಕು.

ಸರಿಯಾಗಿ ನಡೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕೂತರೆ, ಮನೆಯ ಕಡೆಗೆ ಎಳೆದರೆ ಶಿಸ್ತಿನ ಮಾತು ಬಿಟ್ಟು ಪಾದ ನೋಡಿ. ಖಾಲಿ ಸೈಟು, ಕಾಲುವೆ ದಂಡೆಗಳಲ್ಲೆಲ್ಲ ಬಳ್ಳಾರಿ ಜಾಲಿ; ಅದರ ಮುಳ್ಳು ಮೆತ್ತೆಯೊಳಗೆ ಮುರಿದು ಕೂರುತ್ತದೆ. ನೆಗ್ಗಿಲು ಮುಳ್ಳು ಬೆರಳ ಸಂದಿಯಲ್ಲಿ ಸಿಗುತ್ತದೆ.

ಬೀದಿನಾಯಿಗಳು ಬಹುಪಾಲು ಕಾಯುವುದು ತಮ್ಮ ಓಣಿಯಷ್ಟನ್ನೇ. ಓಡಬೇಡಿ, ದಿಟ್ಟಿಸಿ ನೋಡಬೇಡಿ, ನಿಮ್ಮ ನಾಯಿಯನ್ನು ಹಿಂದಕ್ಕಿಟ್ಟುಕೊಂಡು ಬಳಸಿಕೊಂಡು ದಾಟಿ. ಮೈಮೇಲೆ ಬಂದರೆ ಕಲ್ಲೆತ್ತುವಂತೆ ಬಗ್ಗಿದರೆ ಹೆಚ್ಚಿನವು ಹಿಂಜರಿಯುತ್ತವೆ. ದೂರದಲ್ಲಿ ಇನ್ನೊಂದು ನಾಯಿ ಕಂಡು, ನಿಮ್ಮದು ಇನ್ನೂ ಬೊಗಳದಿರುವಾಗಲೇ ‘ಭೇಷ್’ ಎಂದು ತಿನಿಸು ಕೊಡಿ; ಬೊಗಳಲು ಶುರುವಾದ ಮೇಲೆ ಕೊಟ್ಟು ಫಲವಿಲ್ಲ. ರೇಬೀಸ್ ಲಸಿಕೆ ಪ್ರತಿ ವರ್ಷ ತಪ್ಪಬಾರದು. ಮನುಷ್ಯರಿಗೆ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ.

ಮುಧೋಳ ನಾಯಿ ಸಾಕಿದವರಿಗೆ ಬೇರೆಯದೇ ಎಚ್ಚರ ಬೇಕು. ಇದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ಕಂಬ, ಕಸ ಇದನ್ನು ಅಷ್ಟಾಗಿ ಎಳೆಯುವುದಿಲ್ಲ, ಓಡುವ ಆಡು, ಬೆಕ್ಕು, ಮೊಲ ಕಂಡರೆ ಮಾತ್ರ ನಿಂತಲ್ಲಿಂದಲೇ ಚಿಮ್ಮುತ್ತದೆ. ತಲೆ ಕಿರಿದು, ಕುತ್ತಿಗೆ ದಪ್ಪ. ಮಾಮೂಲಿ ಬೆಲ್ಟ್ ಹಿಂದಕ್ಕೆ ಜಗ್ಗಿದರೆ ಕಿವಿ ದಾಟಿ ಕಳಚಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಮಾತ್ರ ಬಿಗಿಯುವ, ಎರಡು ಬೆರಳಿಗಿಂತ ಅಗಲದ ಮಾರ್ಟಿಂಗೇಲ್ ಪಟ್ಟಿ ಇದಕ್ಕೆ ಒಪ್ಪುತ್ತದೆ. ಆರಡಿಗಿಂತ ಉದ್ದದ ಹಗ್ಗ ಬೇಡ: ಓಡಲು ಸಿಕ್ಕ ಜಾಗ ಹೆಚ್ಚಿದಷ್ಟೂ ಕೊನೆಯಲ್ಲಿ ಕುತ್ತಿಗೆಗೆ ಬೀಳುವ ಪೆಟ್ಟು ದೊಡ್ಡದು. ಕಾಲುವೆ ರಸ್ತೆಯಲ್ಲಿ ಕುರಿ ಹಿಂಡು ಎದುರಾದರೆ ಪಾಠ ಅಲ್ಲಿಗೆ ಬಿಟ್ಟು, ಹಿಂಡು ಇನ್ನೂ ದೂರವಿರುವಾಗಲೇ ತಿರುಗಿ ಬನ್ನಿ.