ಗಂಡು ಬದಲಾಯಿತೋ, ಹೆಣ್ಣು ಬದಲಾಯಿತೋ? ಡಾರ್ವಿನ್ ಕಾಲದ ಕೀಟಪತ್ರಗಳ ಬಗ್ಗೆ ಟಿಪ್ಪಣಿ

ಈ ಭಾಗ ಓದುವ ಮೊದಲು ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಜಾತಿಯ ಚಿಟ್ಟೆಯಲ್ಲಿ ಗಂಡು ಒಂದು ಬಣ್ಣ, ಹೆಣ್ಣು ಇನ್ನೊಂದು ಬಣ್ಣ ಇದ್ದರೆ, ಮೂಲ ರೂಪದಿಂದ ದೂರ ಸರಿದದ್ದು ಯಾರು? ಗಂಡೋ, ಹೆಣ್ಣೋ? ಡಾರ್ವಿನ್ ಮತ್ತು ಅವನಂತೆಯೇ ನಿಸರ್ಗದ ಆಯ್ಕೆಯ ವಿಚಾರ ಮುಂದಿಟ್ಟ ಆಲ್ಫ್ರೆಡ್ ರಸೆಲ್ ವಾಲೇಸ್ ನಡುವೆ ಇಂಥ ಬಣ್ಣಗಳ ಬಗ್ಗೆ ಓಡಾಡಿದ ಪತ್ರಗಳೆಲ್ಲ ಕೊನೆಗೆ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತವೆ. ಇದು ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಜೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಬರೀ ಹೆಸರು, ಇಸವಿ ಉರುಹೊಡೆದ ಹಾಗಾಗುತ್ತದೆ.

ಹಿನ್ನೆಲೆಯನ್ನು ಬೇಗ ಮುಗಿಸೋಣ. 1859ರ ‘ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದಲ್ಲಿ ಡಾರ್ವಿನ್ ಲೈಂಗಿಕ ಆಯ್ಕೆಗೆ ಕೊಟ್ಟದ್ದು ಕೆಲವೇ ಪುಟ. ಹೆಣ್ಣಿಗಾಗಿ ಗಂಡುಗಳ ನಡುವೆ ಪೈಪೋಟಿ ಇರುತ್ತದೆ, ಗೆದ್ದವನಿಗೆ ಅಥವಾ ಹೆಣ್ಣಿಗೆ ಹಿಡಿಸಿದವನಿಗೆ ಜಾಸ್ತಿ ಮರಿಗಳಾಗುತ್ತವೆ, ಹಾಗಾಗಿ ಕೊಂಬು, ಬಣ್ಣ, ಹಾಡು ಇಂಥವು ಗಂಡಿನಲ್ಲಿ ಬೆಳೆಯುತ್ತಾ ಹೋಗುತ್ತವೆ, ಇಷ್ಟೇ ಆ ವಿಚಾರ. 1871ರಲ್ಲಿ ಆ ವಿಚಾರವೇ ‘ದಿ ಡಿಸೆಂಟ್ ಆಫ್ ಮ್ಯಾನ್’ ಎಂಬ ಎರಡು ಸಂಪುಟಗಳ ಪುಸ್ತಕದ ದೊಡ್ಡ ಭಾಗವಾಯಿತು, ಕೀಟಗಳಿಗೇ ಎರಡು ಅಧ್ಯಾಯ ಹೋಯಿತು. ನಡುವಿನ ಹನ್ನೆರಡು ವರ್ಷದಲ್ಲಿ ಅಷ್ಟೊಂದು ಮಾಹಿತಿ ಎಲ್ಲಿಂದ ಬಂತು? ಬಹುಪಾಲು ಅಂಚೆಯಲ್ಲಿ ಬಂತು. ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಯಲ್ಲಿ ಡಾರ್ವಿನ್ ಇದ್ದ, ಆರೋಗ್ಯ ಸರಿ ಇರಲಿಲ್ಲ, ಊರು ಬಿಟ್ಟು ಹೋಗುವುದು ಅಪರೂಪ. ಆದರೆ 1840ರಿಂದ ಬ್ರಿಟನ್ನಿನಲ್ಲಿ ಒಂದು ಪೆನ್ನಿ ನಾಣ್ಯದ ಖರ್ಚಿಗೆ ದೇಶದ ಯಾವ ಮೂಲೆಗಾದರೂ ಪತ್ರ ಹೋಗುತ್ತಿತ್ತು. ಲಂಡನ್ನಿನ ಮ್ಯೂಸಿಯಂನಲ್ಲಿ ಕೂತ ಫ್ರೆಡರಿಕ್ ಸ್ಮಿತ್‌ನಿಂದ ಹಿಡಿದು ಕೇಪ್ ಟೌನ್‌ನ ರೋಲಂಡ್ ಟ್ರೈಮನ್, ಅಮೆರಿಕದ ಇಲಿನಾಯ್‌ನ ಬೆಂಜಮಿನ್ ವಾಲ್ಶ್, ಬ್ರೆಜಿಲ್‌ನ ಫ್ರಿಟ್ಸ್ ಮ್ಯುಲರ್‌ವರೆಗೆ ಇಂಥ ಕೀಟ ಬಲ್ಲವರಿಗೆಲ್ಲ ಪ್ರಶ್ನೆಗಳು ಹೋದವು. ಡಾರ್ವಿನ್ ಬರೆದದ್ದು, ಅವನಿಗೆ ಬಂದದ್ದು ಸೇರಿ ಇವತ್ತು ಸಿಕ್ಕಿರುವ ಪತ್ರಗಳೇ 15,000ಕ್ಕಿಂತ ಜಾಸ್ತಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲಿಂದ ಶುರು ಮಾಡಬೇಕು ಎಂದರೆ ನಾನು 1867ರ ಫೆಬ್ರವರಿ ಎನ್ನುತ್ತೇನೆ.

ಆಗ ಡಾರ್ವಿನ್‌ಗೆ ಒಂದು ತೊಡಕು ಎದುರಾಗಿತ್ತು. ಚಿಟ್ಟೆಯ ಅಂದಕ್ಕೆ ಕಾರಣ ಸಂಗಾತಿಯ ಆಯ್ಕೆ ಎನ್ನಬಹುದು, ಸರಿ. ಆದರೆ ಕೆಲವು ಮರಿಹುಳುಗಳೂ ಕಣ್ಣು ಕುಕ್ಕುವ ಹಾಗೆ ಕೆಂಪು, ಹಳದಿ, ಕಪ್ಪು ಪಟ್ಟೆ ಹಾಕಿಕೊಂಡಿರುತ್ತವಲ್ಲ, ಅವಕ್ಕೆ ಏನು ಹೇಳುವುದು? ಮರಿಹುಳು ಕೂಡುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಸಂಗಾತಿ ಹುಡುಕುವುದೂ ಇಲ್ಲ. ಅಂದ ಮೇಲೆ ಅದಕ್ಕೆ ಬಣ್ಣ ಯಾಕೆ? ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಕೀಟ ಹಿಡಿದು ಬಂದಿದ್ದ ಹೆನ್ರಿ ವಾಲ್ಟರ್ ಬೇಟ್ಸ್‌ನನ್ನು ಡಾರ್ವಿನ್ ಕೇಳಿದ. ಬೇಟ್ಸ್‌ಗೂ ಹೊಳೆಯಲಿಲ್ಲ, ವಾಲೇಸ್‌ನನ್ನು ಕೇಳಿ ಎಂದುಬಿಟ್ಟ. ಡಾರ್ವಿನ್ 23ನೇ ತಾರೀಖು ವಾಲೇಸ್‌ಗೆ ಬರೆದ, ಮರುದಿನವೇ ವಾಲೇಸ್ ಉತ್ತರ ಬರೆದ. ಕೆಲವು ಹುಳು ಹಕ್ಕಿಯ ಬಾಯಿಗೆ ರುಚಿಸುವುದಿಲ್ಲ. ಆದರೆ ಹಕ್ಕಿ ಒಮ್ಮೆ ಕುಕ್ಕಿ ನೋಡಿ ಬಿಟ್ಟರೂ ಮೆತ್ತನೆಯ ಮರಿಹುಳು ಬದುಕುವುದಿಲ್ಲ. ಹಾಗಾಗಿ ಕುಕ್ಕುವ ಮೊದಲೇ, ದೂರದಿಂದಲೇ, ‘ನಾನು ತಿನ್ನುವಂಥದ್ದಲ್ಲ’ ಎಂದು ಗೊತ್ತಾಗಬೇಕು. ಬಣ್ಣ ಇರುವುದು ಅದಕ್ಕೆ. ಡಾರ್ವಿನ್ ಬಹಳ ಮೆಚ್ಚಿಕೊಂಡ. ಜಾನ್ ಜೆನ್ನರ್ ವೀರ್ ಎಂಬಾತ ತನ್ನ ಮನೆಯ ಪಂಜರದ ಹಕ್ಕಿಗಳಿಗೆ ಬಗೆಬಗೆಯ ಹುಳು ಕೊಟ್ಟು ನೋಡಿದ. ನುಣುಪಾದ ಹಸಿರು, ಕಂದು ಹುಳುಗಳನ್ನು ಹಕ್ಕಿಗಳು ತಿಂದವು, ಎದ್ದು ಕಾಣುವ ಬಣ್ಣದವನ್ನೂ ಕೂದಲಿರುವವನ್ನೂ ಬಿಟ್ಟವು. 1869ರಲ್ಲಿ ಅದನ್ನು ಪ್ರಕಟಿಸಿದ.

ಇದರಲ್ಲಿ ಗಂಡು-ಹೆಣ್ಣಿನ ವಿಷಯ ಎಲ್ಲಿ ಬಂತು ಅಂತ ಕೇಳಬಹುದು. ಬಣ್ಣಕ್ಕೆ ಪ್ರಣಯ ಬಿಟ್ಟು ಬೇರೆ ಕಾರಣವೂ ಇರಬಹುದು ಎನ್ನುವುದು ಇಲ್ಲಿ ಗಟ್ಟಿಯಾಯಿತು. ವಾಲೇಸ್ ಆ ದಾರಿಯಲ್ಲೇ ಮುಂದೆ ಹೋದ. ಡಾರ್ವಿನ್ ಮರಿಹುಳುವಿನ ಮಟ್ಟಿಗೆ ಒಪ್ಪಿದ, ಬೆಳೆದು ರೆಕ್ಕೆ ಬಂದ ಚಿಟ್ಟೆಯ ಮಟ್ಟಿಗೆ ಒಪ್ಪಲಿಲ್ಲ. ಇಬ್ಬರ ದಾರಿ ಬೇರೆಯಾದದ್ದು ಇಲ್ಲಿಂದ.

ಡಾರ್ವಿನ್ ವಾದಕ್ಕೆ ಇನ್ನೊಂದು ಆಧಾರ ಬೇಕಿತ್ತು. ಹೆಣ್ಣು ಆರಿಸಿಕೊಳ್ಳಬೇಕಾದರೆ, ಗಂಡುಗಳು ಪೈಪೋಟಿಗೆ ಬೀಳಬೇಕಾದರೆ, ಗಂಡುಗಳ ಸಂಖ್ಯೆ ಸ್ವಲ್ಪ ಜಾಸ್ತಿ ಇದ್ದರೆ ಅನುಕೂಲ ಅಲ್ವಾ? ಅದಕ್ಕಾಗಿ 1868ರಲ್ಲಿ ಪರಿಚಯದ ಕೀಟತಜ್ಞರಿಗೆಲ್ಲ ಬರೆದು ಕೇಳಿದ: ನಿಮ್ಮ ಅನುಭವದಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು? ಬಂದ ಉತ್ತರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಬೆಲೆಪಟ್ಟಿ. ಹೆನ್ರಿ ಡಬಲ್‌ಡೇ ಎಂಬ ಸಂಗ್ರಾಹಕ ಡಾರ್ವಿನ್‌ನ ಗಮನಕ್ಕೆ ತಂದದ್ದು. ಸ್ಟೌಡಿಂಗರ್ ಎಂಬ ಜರ್ಮನ್ ವ್ಯಾಪಾರಿ ಒಣಗಿಸಿದ ಚಿಟ್ಟೆಗಳನ್ನು ಮಾರುತ್ತಿದ್ದ, ಪಟ್ಟಿಯಲ್ಲಿ ಗಂಡಿಗೆ ಒಂದು ಬೆಲೆ, ಹೆಣ್ಣಿಗೆ ಒಂದು ಬೆಲೆ. ಮಾಮೂಲಿ ಸಿಗುವ ಚಿಟ್ಟೆಗಳಲ್ಲಿ ಎರಡಕ್ಕೂ ಒಂದೇ ದರ. ಅಪರೂಪದವುಗಳಲ್ಲಿ 114 ಜಾತಿಗೆ ದರ ಬೇರೆ ಬೇರೆ, ಅದರಲ್ಲಿ ಒಂದನ್ನು ಬಿಟ್ಟು ಉಳಿದ 113ರಲ್ಲೂ ಗಂಡೇ ಅಗ್ಗ! ಸರಾಸರಿ ನೋಡಿದರೆ ಗಂಡಿಗೆ 100 ಆದರೆ ಹೆಣ್ಣಿಗೆ 149. ಪತಂಗಗಳಲ್ಲಿ 141 ಜಾತಿಗೆ ದರ ಬೇರೆ ಇತ್ತು, 130ರಲ್ಲಿ ಗಂಡು ಅಗ್ಗ, 11ರಲ್ಲಿ ಮಾತ್ರ ದುಬಾರಿ. ಪೇಟೆಯಲ್ಲಿ ಯಾವುದು ಜಾಸ್ತಿ ಬರುತ್ತದೋ ಅದು ಅಗ್ಗ, ಹಾಗಾಗಿ ಹಿಡಿಯುವವರ ಕೈಗೆ ಗಂಡು ಜಾಸ್ತಿ ಸಿಗುತ್ತಿದೆ ಎಂದಾಯಿತು. ಜನಗಣತಿಯೇ ಇಲ್ಲದ ಜೀವಿಗಳಿಗೆ ವ್ಯಾಪಾರಿಯ ಪಟ್ಟಿಯಿಂದ ಲೆಕ್ಕ ತೆಗೆಯಬಹುದು ಎಂದು ಹೊಳೆದದ್ದೇ ನನಗೆ ದೊಡ್ಡ ವಿಷಯ.

ಆದರೆ ಇಲ್ಲೇ ನಿಂತು ಯೋಚಿಸಿ. ಕೈಗೆ ಜಾಸ್ತಿ ಸಿಗುವುದು ಬೇರೆ, ನಿಜವಾಗಿ ಜಾಸ್ತಿ ಇರುವುದು ಬೇರೆ. ಗಂಡು ಚಿಟ್ಟೆ ಹೆಣ್ಣನ್ನು ಹುಡುಕುತ್ತಾ ಬಯಲಲ್ಲಿ ಹಾರುತ್ತಿರುತ್ತದೆ, ಹೆಣ್ಣು ಎಲೆಯ ಮರೆಯಲ್ಲಿ ಕೂತಿರುತ್ತದೆ, ಬಲೆಗೆ ಬೀಳುವುದು ಯಾವುದು? ಆಸ್ಟ್ರೇಲಿಯಾದಲ್ಲಿ ವೆರೋ ಎಂಬ ಫ್ರೆಂಚ್ ಸಂಗ್ರಾಹಕ ಒಂದು ಹೆಣ್ಣು ಪತಂಗವನ್ನು ಪೆಟ್ಟಿಗೆಯಲ್ಲಿಟ್ಟು ಜೇಬಿಗೆ ಹಾಕಿಕೊಂಡು ನಡೆದರೆ, ಸುಮಾರು 200 ಗಂಡುಗಳು ಬೆನ್ನು ಹತ್ತಿ ಅವನ ಜೊತೆಗೇ ಮನೆಯೊಳಗೆ ನುಗ್ಗಿದ್ದವಂತೆ. ಡಾರ್ವಿನ್‌ಗೂ ಈ ಅನುಮಾನ ಇತ್ತು. ಹಾಗಾಗಿ ಮೊಟ್ಟೆಯಿಂದ, ಮರಿಹುಳುವಿನಿಂದ ಸಾಕಿದವರನ್ನೇ ಕೇಳಿ ಲೆಕ್ಕ ತರಿಸಿಕೊಂಡ. ಒಟ್ಟು ಕೂಡಿಸಿದಾಗ ಬಂದದ್ದು 934 ಗಂಡು, 761 ಹೆಣ್ಣು. ಅಂತರ ಬೆಲೆಪಟ್ಟಿಯಷ್ಟು ದೊಡ್ಡದಲ್ಲ, ಆದರೆ ದಿಕ್ಕು ಅದೇ. ನೋಟ್ಸ್ ಮಾಡುವಾಗ ಈ ಎರಡು ಲೆಕ್ಕವನ್ನೂ ಅಕ್ಕಪಕ್ಕ ಬರೆದುಕೊಳ್ಳಿ, ಒಂದು ಪುರಾವೆಯನ್ನು ಇನ್ನೊಂದರಿಂದ ಹೇಗೆ ಪರೀಕ್ಷಿಸಿದ ಎನ್ನುವುದು ಆಗ ಕಾಣುತ್ತದೆ.

ಮೇರಿ ಟ್ರೀಟ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಪಠ್ಯದಲ್ಲಿ ಇವಳ ಹೆಸರು ಬರುವುದೇ ಕಡಿಮೆ. ಅಮೆರಿಕದ ನ್ಯೂಜೆರ್ಸಿಯವಳು, 1871ರಿಂದ ಡಾರ್ವಿನ್‌ಗೆ ಬರೆಯುತ್ತಿದ್ದಳು. ಮರಿಹುಳುಗಳಿಗೆ ಹೊಟ್ಟೆ ತುಂಬಾ ಕೊಟ್ಟರೆ ಹೆಣ್ಣು ಚಿಟ್ಟೆ ಜಾಸ್ತಿ, ಅರೆಹೊಟ್ಟೆ ಇಟ್ಟರೆ ಗಂಡು ಜಾಸ್ತಿ ಬರುತ್ತವೆ ಎಂದು ಸಾಕಿ ನೋಡಿ ಕಂಡಿದ್ದಳು. ಪ್ರಕಟಿಸು ಎಂದು ಡಾರ್ವಿನ್ ಹುರಿದುಂಬಿಸಿದ, 1873ರಲ್ಲಿ ಲೇಖನ ಬಂತು. ಚಿಟ್ಟೆಯ ಲಿಂಗ ಮೊಟ್ಟೆಯಲ್ಲೇ, ಕ್ರೋಮೋಸೋಮಿನಿಂದ, ತೀರ್ಮಾನವಾಗಿರುತ್ತದೆ ಎಂದು ನಮಗೆ ಈಗ ಗೊತ್ತು. ಹಾಗಾದರೆ ಅವಳು ಕಂಡದ್ದು ಸುಳ್ಳೇ? ಹಾಗೆ ಹೇಳಬೇಕಿಲ್ಲ. ಮೊಟ್ಟೆ ಹೊರಬೇಕಾದ ಹೆಣ್ಣು ದೊಡ್ಡದಾಗಿ ಬೆಳೆಯಬೇಕು, ಅದಕ್ಕೆ ಆಹಾರ ಜಾಸ್ತಿ ಬೇಕು, ಉಪವಾಸ ಬಿದ್ದರೆ ಮೊದಲು ಸಾಯುವುದು ಹೆಣ್ಣು ಹುಳುಗಳೇ ಆಗಿದ್ದರೆ ಕೊನೆಗೆ ಉಳಿಯುವುದು ಗಂಡು. ಎಣಿಕೆ ಸರಿ ಇದ್ದು ವಿವರಣೆ ತಪ್ಪಾಗಬಹುದು. ಈ ವಿಷಯದುದ್ದಕ್ಕೂ ಇದು ಮತ್ತೆ ಮತ್ತೆ ಎದುರಾಗುತ್ತದೆ.

ದುಂಬಿಗಳ ಕೊಂಬಿನ ಕಥೆಯೂ ಹಾಗೆಯೇ. ಸಗಣಿ ಹುಳು ಮತ್ತು ಅದರ ಬಳಗದ ಅನೇಕ ಜಾತಿಗಳಲ್ಲಿ ಗಂಡಿಗೆ ತಲೆ ಮೇಲೆ, ಬೆನ್ನಿನ ಮುಂಭಾಗದಲ್ಲಿ ದೊಡ್ಡ ಕೊಂಬು, ಹೆಣ್ಣಿಗೆ ಇಲ್ಲ ಅಥವಾ ಸಣ್ಣ ಗುಬುಟು. ಜಗಳಕ್ಕೆ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಟ್ಸ್ ತನ್ನ ಕಡೆಯಿದ್ದ ಬೇಕಾದಷ್ಟು ಜಾತಿಗಳ ಕೊಂಬುಗಳನ್ನು ಒಂದೊಂದಾಗಿ ನೋಡಿದ. ಮುರಿದದ್ದು, ಸವೆದದ್ದು, ಜಗಳವಾಡಿದ ಗುರುತು ಎನ್ನುವಂಥದ್ದು ಸಾಕಷ್ಟು ಸಿಗಲಿಲ್ಲ. ಆದ್ದರಿಂದ ಡಾರ್ವಿನ್ ಕೊಂಬನ್ನು ಒಡವೆ ಎಂದು ತೀರ್ಮಾನಿಸಿದ. ಆದರೆ ನಂತರದ ಕಾಲದಲ್ಲಿ ಜೀವಂತ ದುಂಬಿಗಳನ್ನು ಕೂತು ಗಮನಿಸಿದವರು, ಗಂಡುಗಳು ಕೊಂಬಿನಿಂದ ತಳ್ಳಾಡುವುದನ್ನೂ ಎತ್ತಿ ಬಿಸಾಡುವುದನ್ನೂ ಎಷ್ಟೋ ಜಾತಿಗಳಲ್ಲಿ ಕಂಡಿದ್ದಾರೆ. ಸಗಣಿ ಹುಳುವಿನ ಜಗಳ ನೆಲದೊಳಗಿನ ಸುರಂಗದಲ್ಲಿ ನಡೆಯುತ್ತದೆ, ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟ ಹುಳು ಅದನ್ನು ಹೇಳುವುದು ಹೇಗೆ? ಅದೇ ಜೀವಂತವಾಗಿ ನೋಡಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎನ್ನುವುದಕ್ಕೆ ವಾಲೇಸ್ ಮಲಯ ದ್ವೀಪಗಳಲ್ಲಿ ಕಂಡದ್ದೇ ಸಾಕ್ಷಿ. ಉದ್ದ ಮೂತಿಯ ಎರಡು ಗಂಡು ದುಂಬಿಗಳು ಮೂತಿಗೆ ಮೂತಿ ಕೊಟ್ಟು ನೂಕಾಡುತ್ತಿದ್ದವು, ಕಾಲಿನಿಂದ ಬಡಿದಾಡುತ್ತಿದ್ದವು, ಪಕ್ಕದಲ್ಲೇ ಹೆಣ್ಣು ತನ್ನ ಪಾಡಿಗೆ ಮರ ಕೊರೆಯುತ್ತಿತ್ತು. ಚಿಕ್ಕದು ಸೋತು ಓಡಿತು. ಡಾರ್ವಿನ್ ಇದನ್ನು ಹಾಗೇ ತನ್ನ ಪುಸ್ತಕಕ್ಕೆ ತೆಗೆದುಕೊಂಡ.

ಇನ್ನು ಡಾರ್ವಿನ್ ಮತ್ತು ವಾಲೇಸ್ ನಡುವಿನ ದೊಡ್ಡ ಜಗಳ. ಜಗಳ ಎಂದೆ, ಆದರೆ ಇಷ್ಟು ಸೌಜನ್ಯದ ಜಗಳ ಇನ್ನೊಂದನ್ನು ನಾನು ಓದಿಲ್ಲ.

ಡಾರ್ವಿನ್ ಹೇಳುವುದು: ಮೊದಲು ಗಂಡು, ಹೆಣ್ಣು ಎರಡೂ ಸಾದಾ ಇದ್ದವು, ಹೆಣ್ಣಿನ ಆಯ್ಕೆಯಿಂದ ಗಂಡು ಬಣ್ಣ ಪಡೆಯಿತು, ಆ ಬಣ್ಣ ಗಂಡುಮಕ್ಕಳಿಗೆ ಮಾತ್ರ ಇಳಿಯಿತು. ಬದಲಾದದ್ದು ಗಂಡು. ವಾಲೇಸ್ ಹೇಳುವುದು: ಹೆಣ್ಣು ಮೊಟ್ಟೆ ಇಡಬೇಕು, ಅದಕ್ಕೆ ನಿಧಾನವಾಗಿ ಎಲೆಯಿಂದ ಎಲೆಗೆ ಹಾರಬೇಕು, ಗಂಡಿಗಿಂತ ಹೆಚ್ಚು ದಿನ ಬದುಕಬೇಕು. ಎದ್ದು ಕಂಡರೆ ಹಕ್ಕಿಯ ಬಾಯಿಗೆ ಹೋಗುತ್ತದೆ. ಆದ್ದರಿಂದ ನಿಸರ್ಗದ ಆಯ್ಕೆ ಹೆಣ್ಣಿನ ಬಣ್ಣವನ್ನು ಅಡಗಿಸಿತು. ಬದಲಾದದ್ದು ಹೆಣ್ಣು. ಹುಂಜ, ಪಾರಿವಾಳ ಸಾಕುವವರ ಅನುಭವ ಹಿಡಿದುಕೊಂಡು ಡಾರ್ವಿನ್ ಒಂದು ಆಕ್ಷೇಪ ಎತ್ತಿದ: ಗಂಡು, ಹೆಣ್ಣು ಇಬ್ಬರಿಗೂ ಇಳಿಯುವ ಗುಣವನ್ನು ಆಯ್ಕೆಯ ಬಲದಿಂದ ಒಬ್ಬರಿಗೆ ಮಾತ್ರ ಇಳಿಯುವಂತೆ ಮಾಡುವುದು ಬಹಳ ಕಷ್ಟ. 1868ರಲ್ಲಿ ಇದರ ಮೇಲೆ ಪತ್ರದ ಮೇಲೆ ಪತ್ರ. ಆ ಸೆಪ್ಟೆಂಬರ್‌ನಲ್ಲಿ ಡಾರ್ವಿನ್ ಬರೆದದ್ದನ್ನು ಓದಿದರೆ ಮನಸ್ಸಿಗೆ ತಟ್ಟುತ್ತದೆ. ಬೆಳಿಗ್ಗೆ ಖುಷಿಯಿಂದ ನಿಮ್ಮ ಕಡೆ ವಾಲಿದ್ದೆ, ಸಂಜೆಯಾಗುವಷ್ಟರಲ್ಲಿ ಮತ್ತೆ ನನ್ನ ಹಳೇ ಜಾಗಕ್ಕೆ ಬಂದೆ, ಇಲ್ಲಿಂದ ಹೊರಬರುತ್ತೇನೆ ಅನ್ನಿಸುವುದಿಲ್ಲ ಎನ್ನುತ್ತಾನೆ. ಐವತ್ತೊಂಬತ್ತರ ವಯಸ್ಸು, ಜಗತ್ತೇ ಬಲ್ಲ ಹೆಸರು, ಆದರೂ ತನಗಿಂತ ಹದಿನಾಲ್ಕು ವರ್ಷ ಚಿಕ್ಕವನ ಮುಂದೆ ಹೀಗೆ ಮನಸ್ಸು ಬಿಚ್ಚುತ್ತಾನೆ.

ಇಬ್ಬರೂ ತಾವು ಚೆನ್ನಾಗಿ ಬಲ್ಲ ಜೀವಿಗಳಿಂದ ಯೋಚಿಸುತ್ತಿದ್ದರು ಎಂದು ನನ್ನ ಅನಿಸಿಕೆ. ಡಾರ್ವಿನ್‌ನ ಕಣ್ಣ ಮುಂದೆ ಸಾಕಿದ ಕೋಳಿ-ಪಾರಿವಾಳಗಳು, ವಾಲೇಸ್‌ನ ಕಣ್ಣ ಮುಂದೆ ಎಂಟು ವರ್ಷ ಮಲಯ ದ್ವೀಪಗಳಲ್ಲಿ ಹಿಡಿದ ಚಿಟ್ಟೆಗಳು. ಆ ಚಿಟ್ಟೆಗಳಲ್ಲಿ ಒಂದು ಬಳಗ ನಮಗೂ ಪರಿಚಯದ್ದೇ. ಮನೆಯ ಕರಿಬೇವು, ನಿಂಬೆ ಗಿಡದ ಎಲೆ ಮೇಯುವ ಹಸಿರು ಮರಿಹುಳು ನೋಡಿದ್ದೀರಲ್ಲ, ಅದು ಕಾಮನ್ ಮಾರ್ಮನ್ ಚಿಟ್ಟೆಯದ್ದಿರಬಹುದು. ಇದರ ಗಂಡು ಒಂದೇ ಥರ: ಕಪ್ಪು ಮೈ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣು ಮೂರು ಥರ. ಒಂದು ಗಂಡಿನಂತೆಯೇ, ಇನ್ನೊಂದು ಕಾಮನ್ ರೋಸ್ ಚಿಟ್ಟೆಯಂತೆ, ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯಂತೆ. ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿ ತಿಂದು ಬೆಳೆಯುವುದರಿಂದ ಮೈಯಲ್ಲಿ ವಿಷ ಇರುತ್ತದೆ, ಹಕ್ಕಿಗಳು ಮುಟ್ಟುವುದಿಲ್ಲ. ಮಾರ್ಮನ್ ಹೆಣ್ಣಿಗೆ ವಿಷ ಇಲ್ಲ, ವೇಷ ಮಾತ್ರ. ಈ ರೂಪಗಳಿಗೆ ಬೇರೆ ಬೇರೆ ಜಾತಿಗಳೆಂದು ಬೇರೆ ಬೇರೆ ಹೆಸರು ಕೊಟ್ಟಿದ್ದರು. ಒಂದೇ ಜಾತಿಯಲ್ಲಿ ಹಲವು ಬಗೆಯ ಹೆಣ್ಣು ಇರಬಹುದು ಎಂದು ವಾಲೇಸ್ 1864ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದಲ್ಲಿ ಓದಿದ ಪ್ರಬಂಧದಲ್ಲಿ ವಿವರಿಸಿದ. ಇಲ್ಲಿ ವಾಲೇಸ್‌ನ ಮಾತು ನಿಲ್ಲುತ್ತದೆ, ಗಂಡು ಹಳೇ ರೂಪದಲ್ಲೇ ಇದೆ, ಬದಲಾದದ್ದು ಹೆಣ್ಣೇ.

ಹಾಗಾದರೆ ಗಂಡು ಯಾಕೆ ವೇಷ ಹಾಕಲಿಲ್ಲ, ಅದಕ್ಕೂ ಹಕ್ಕಿಯ ಭಯ ಇಲ್ಲವೇ? ನಿಕರಾಗುವಾದಲ್ಲಿದ್ದ ಥಾಮಸ್ ಬೆಲ್ಟ್ ಬೇರೊಂದು ಗುಂಪಿನ ಚಿಟ್ಟೆಗಳನ್ನು ನೋಡಿ 1874ರಲ್ಲಿ ಒಂದು ಉತ್ತರ ಕೊಟ್ಟ. ಅಲ್ಲಿ ಗಂಡು ಮೈಯೆಲ್ಲ ವೇಷ ಹಾಕಿದ್ದರೂ ಕೆಳ ರೆಕ್ಕೆಯ ಮೇಲೆ ಒಂದು ಬಿಳಿ ಪಟ್ಟೆ ಉಳಿಸಿಕೊಂಡಿದೆ, ಸಾಮಾನ್ಯವಾಗಿ ಮುಚ್ಚಿಟ್ಟುಕೊಂಡಿರುತ್ತದೆ. ಅದು ಹೆಣ್ಣಿಗೆ ತೋರಿಸಲಿಕ್ಕೇ ಇರಬೇಕು, ಹೆಣ್ಣಿಗೆ ತನ್ನ ಬಳಗದ ಹಳೇ ಬಣ್ಣವೇ ಇಷ್ಟ ಎಂದ ಬೆಲ್ಟ್. ಹೆಣ್ಣಿನ ವೇಷಕ್ಕೆ ವಾಲೇಸ್‌ನ ಕಾರಣ, ಗಂಡು ಬದಲಾಗದೆ ಉಳಿದದ್ದಕ್ಕೆ ಡಾರ್ವಿನ್‌ನ ಕಾರಣ! ವಾಲೇಸ್ ಮಾತ್ರ ಹೆಣ್ಣಿನ ಆಯ್ಕೆ ಎಂಬುದನ್ನು ಕೊನೆಯವರೆಗೂ ಮನಸಾರೆ ಒಪ್ಪಲಿಲ್ಲ.

2014ರಲ್ಲಿ ಈ ಕಥೆಗೆ ಇನ್ನೊಂದು ಪುಟ ಸೇರಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಜೊತೆಗಾರರು ಕಾಮನ್ ಮಾರ್ಮನ್ ಹೆಣ್ಣಿನ ವೇಷ ಯಾವ ಜೀನ್‌ನಿಂದ (ವಂಶವಾಹಿಯಿಂದ) ಬರುತ್ತದೆ ಎಂದು ಹುಡುಕಿ ತೋರಿಸಿದರು. ಸಿಕ್ಕ ಜೀನ್ ಡಬಲ್‌ಸೆಕ್ಸ್. ಕೀಟದ ಮೈ ಗಂಡಾಗಿ ಬೆಳೆಯಬೇಕೋ ಹೆಣ್ಣಾಗಿ ಬೆಳೆಯಬೇಕೋ ಎನ್ನುವುದರಲ್ಲಿ ಕೆಲಸ ಮಾಡುವ ಜೀನೇ ಇದು. ಅದರ ವೇಷದ ರೂಪ ಗಂಡಿನಲ್ಲೂ ಇರಬಹುದು, ಆದರೆ ರೆಕ್ಕೆಯ ಮೇಲೆ ಕಾಣುವುದಿಲ್ಲ. ಅಪ್ಪನಿಂದ ಅದು ಮಗಳಿಗೆ ಇಳಿದಾಗ ಮಗಳು ರೋಸ್ ಚಿಟ್ಟೆಯಂತೆ ಕಾಣುತ್ತಾಳೆ. ಇಬ್ಬರಿಗೂ ಇಳಿಯುವ ಗುಣ ಒಬ್ಬರಲ್ಲಿ ಮಾತ್ರ ತೋರುವುದು ಹೇಗೆ ಎಂದು 1868ರಲ್ಲಿ ಡಾರ್ವಿನ್ ವಾಲೇಸ್‌ನನ್ನು ಕೇಳುತ್ತಿದ್ದದ್ದು ಇದನ್ನೇ. ಕಡೇ ಪಕ್ಷ ಈ ಒಂದು ಚಿಟ್ಟೆಯ ಮಟ್ಟಿಗೆ ಆ ಪತ್ರಕ್ಕೆ ಈಗ ಉತ್ತರ ಸಿಕ್ಕಿದೆ.